ವಿದ್ವತ್ತಿನ ಅಳತೆಗೋಲು: ಒಂದು ವಿಮರ್ಶೆ

ವಿದ್ವಾಂಸನ ಪಾಂಡಿತ್ಯವನ್ನು ಅಳೆಯುವ ಪ್ರಯತ್ನ ಹೊಸದೇನೂ ಅಲ್ಲ. ಹಿಂದೆ ರಾಜಾಸ್ಥಾನಗಳಲ್ಲಿ ವಾದಗಳು ನಡೆಯುತ್ತಿದ್ದವು. ಮಠಗಳಲ್ಲಿ ಹಿರಿಯರ ಸಮ್ಮುಖದಲ್ಲಿ ಶಿಷ್ಯನು ಗ್ರಂಥವನ್ನು ಓದಿ ಅರ್ಥ ಹೇಳಬೇಕಾಗಿತ್ತು. ಅಲ್ಲಿ ಅಳೆಯುವವರು ಆ ಶಾಸ್ತ್ರವನ್ನು ಬಲ್ಲವರೇ ಆಗಿರುತ್ತಿದ್ದರು. ಇಂದು ವಿಶ್ವವಿದ್ಯಾಲಯಗಳಲ್ಲಿ ಬಳಕೆಗೆ ಬಂದಿರುವ ಅಳತೆಯಾದರೋ ಬೇರೆ ಬಗೆಯದು. ಒಬ್ಬ ವಿದ್ವಾಂಸನು ಎಷ್ಟು ಲೇಖನಗಳನ್ನು ಪ್ರಕಟಿಸಿದ್ದಾನೆ, ಅವುಗಳನ್ನು ಇತರರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬ ಎರಡು ಸಂಖ್ಯೆಗಳಿಂದ ಅವನ ಯೋಗ್ಯತೆಯನ್ನು ನಿರ್ಣಯಿಸುವುದು ಇದರ ಕ್ರಮ. ಗ್ರಂಥವನ್ನು ತೆರೆದು ನೋಡದವನೂ ಈ ಲೆಕ್ಕವನ್ನು ಮಾಡಬಲ್ಲನು. ಇದರ ಅನುಕೂಲವೂ ಅಪಾಯವೂ ಅದರಲ್ಲಿಯೇ ಅಡಗಿವೆ. ಈ ಅಳತೆ ಎಲ್ಲಿಂದ ಬಂತು, ಏನನ್ನು ಅಳೆಯುತ್ತದೆ, ಕನ್ನಡದ ಗ್ರಂಥಸಂಪಾದನೆಯಂಥ ಕಾರ್ಯಕ್ಕೆ ಅದನ್ನು ಹಿಡಿದಾಗ ಏನಾಗುತ್ತದೆ ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪದ್ಧತಿಯ ಮೂಲ ನ್ಯಾಯಶಾಸ್ತ್ರದಲ್ಲಿದೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಫ್ರಾಂಕ್ ಶೆಪರ್ಡ್ ಎಂಬವರು 1873ರಲ್ಲಿ ವಕೀಲರ ಉಪಯೋಗಕ್ಕಾಗಿ ಒಂದು ಸೂಚಿಯನ್ನು ಆರಂಭಿಸಿದರು. ಹಳೆಯ ತೀರ್ಪೊಂದನ್ನು ಅನಂತರದ ಯಾವ ಯಾವ ತೀರ್ಪುಗಳು ಉಲ್ಲೇಖಿಸಿವೆ ಎಂಬುದನ್ನು ಅದು ತಿಳಿಸುತ್ತಿತ್ತು. ಮುಂದಿನ ನ್ಯಾಯಾಲಯವು ಆ ತೀರ್ಪನ್ನು ಅನುಸರಿಸಿತೋ, ತಳ್ಳಿಹಾಕಿತೋ, ಪ್ರಕರಣ ಬೇರೆಯೆಂದು ಬದಿಗಿರಿಸಿತೋ ಎಂಬುದಕ್ಕೂ ಆ ಸೂಚಿಯಲ್ಲಿ ಸಂಕೇತಗಳಿದ್ದವು. 1953ರಲ್ಲಿ ಈ ಸೂಚಿಯ ವಿಷಯ ಯೂಜೀನ್ ಗಾರ್ಫೀಲ್ಡ್ ಎಂಬ ತರುಣನಿಗೆ ತಿಳಿಯಿತು. 1955ರಲ್ಲಿ ಅವರು ‘ಸೈನ್ಸ್’ ಪತ್ರಿಕೆಯಲ್ಲಿ ಲೇಖನ ಬರೆದು, ವಿಜ್ಞಾನದ ಬರಹಗಳಿಗೂ ಇಂಥದೇ ಉಲ್ಲೇಖಸೂಚಿ ಬೇಕೆಂದು ಪ್ರತಿಪಾದಿಸಿದರು. ಒಂದು ವಿಚಾರ ಹೇಗೆ ಕೈಯಿಂದ ಕೈಗೆ ಸಾಗಿತೆಂಬುದನ್ನು ಓದುಗನು ಹುಡುಕಿಕೊಳ್ಳಲಿ ಎಂಬುದು ಅವರ ಮೂಲ ಆಶಯವಾಗಿತ್ತು. ಅವರ ಫಿಲಡೆಲ್ಫಿಯಾದ ಸಂಸ್ಥೆಯು ಮುಂದಿನ ದಶಕದ ಆದಿಭಾಗದಲ್ಲಿ ಹೊರತಂದ ಮೊದಲ ವಿಜ್ಞಾನ ಉಲ್ಲೇಖಸೂಚಿಯು 613 ನಿಯತಕಾಲಿಕೆಗಳನ್ನು ಒಳಗೊಂಡಿತ್ತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ವಕೀಲರ ಸೂಚಿಯಲ್ಲಿದ್ದ ಪಟ್ಟಿ ವಿಜ್ಞಾನದ ಸೂಚಿಗೆ ಬಂತು. ಅನುಸರಣೆ-ನಿರಾಕರಣೆಗಳನ್ನು ತೋರಿಸುತ್ತಿದ್ದ ಸಂಕೇತಗಳು ಬರಲಿಲ್ಲ. ಹೀಗಾಗಿ ಒಂದು ಗ್ರಂಥವನ್ನು ಆಧಾರವಾಗಿ ಉಲ್ಲೇಖಿಸಿದರೂ ಒಂದೇ, ಅದರ ತಪ್ಪನ್ನು ಎತ್ತಿ ತೋರಿಸಲು ಉಲ್ಲೇಖಿಸಿದರೂ ಒಂದೇ, ಕೇವಲ ಸೌಜನ್ಯಕ್ಕಾಗಿ ಹೆಸರಿಸಿದರೂ ಒಂದೇ ಎಂಬಂತಾಯಿತು. ಹುಡುಕುವವನಿಗೆ ಇದರಿಂದ ತೊಂದರೆಯಿಲ್ಲ. ಅವನು ಮೂಲವನ್ನು ತೆಗೆದು ಓದಿಯೇ ಓದುತ್ತಾನೆ. ಆದರೆ ಅದೇ ಪಟ್ಟಿಯನ್ನು ಎಣಿಸಿ ಬೆಲೆ ಕಟ್ಟಲು ಹೊರಟಾಗ ಆ ಸಂಕೇತಗಳ ಅಭಾವವೇ ಮುಖ್ಯ ದೋಷವಾಗಿ ಪರಿಣಮಿಸುತ್ತದೆ.

ಎಣಿಕೆ ಎರಡು ಹಂತಗಳಲ್ಲಿ ಬೆಳೆಯಿತು. ಮೊದಲನೆಯದು ಪತ್ರಿಕೆಯ ‘ಇಂಪ್ಯಾಕ್ಟ್ ಫ್ಯಾಕ್ಟರ್’, ಅಂದರೆ ಪ್ರಭಾವಾಂಕ. ಒಂದು ಪತ್ರಿಕೆ ಹಿಂದಿನ ಎರಡು ವರ್ಷಗಳಲ್ಲಿ 100 ಲೇಖನಗಳನ್ನು ಪ್ರಕಟಿಸಿ, ಈ ವರ್ಷ ಅವುಗಳಿಗೆ 250 ಉಲ್ಲೇಖಗಳು ಬಂದರೆ ಅದರ ಪ್ರಭಾವಾಂಕ 2.5. ಸೂಚಿಗೆ ಯಾವ ಪತ್ರಿಕೆಗಳನ್ನು ಸೇರಿಸಬೇಕೆಂಬುದನ್ನು ಆರಿಸಲು ಹುಟ್ಟಿದ ಈ ಅಂಕವು 1975ರಿಂದ ವಾರ್ಷಿಕ ವರದಿಯ ರೂಪದಲ್ಲಿ ಪ್ರಕಟವಾಗತೊಡಗಿ, ಕ್ರಮೇಣ ಲೇಖಕರ ತಲೆಯ ಮೇಲೂ ಕುಳಿತಿತು. ಎರಡನೆಯದು ‘ಎಚ್-ಸೂಚ್ಯಂಕ’. ಇದನ್ನು 2005ರಲ್ಲಿ ಸೂಚಿಸಿದವರು ಭೌತವಿಜ್ಞಾನಿ ಹಾರ್ಹೆ ಹಿರ್ಷ್. ಒಬ್ಬನ ಐದು ಲೇಖನಗಳಿಗೆ ಕ್ರಮವಾಗಿ 40, 12, 6, 4, 1 ಉಲ್ಲೇಖಗಳು ಬಂದಿದ್ದರೆ, ನಾಲ್ಕು ಲೇಖನಗಳಿಗೆ ಕನಿಷ್ಠ ನಾಲ್ಕು ಉಲ್ಲೇಖಗಳಿರುವುದರಿಂದ ಅವನ ಸೂಚ್ಯಂಕ 4. ಈ ಲೆಕ್ಕದ ಪ್ರಕಾರ ಮೂವತ್ತು ವರ್ಷ ಶ್ರಮಿಸಿ ಒಂದೇ ಗ್ರಂಥವನ್ನು ಕೊಟ್ಟವನಿಗೆ ಸಾವಿರ ಉಲ್ಲೇಖಗಳು ಬಂದರೂ ಸೂಚ್ಯಂಕ 1 ಮಾತ್ರ. ಹತ್ತು ಕಿರುಲೇಖನಗಳಿಗೆ ಮಿತ್ರರಿಂದ ಹತ್ತು ಹತ್ತು ಉಲ್ಲೇಖಗಳನ್ನು ಪಡೆದವನಿಗೆ 10.

ಇದಕ್ಕಿಂತ ಆಳವಾದ ಇನ್ನೊಂದು ನ್ಯೂನತೆಯುಂಟು. ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಅದನ್ನು ಗುರುತಿಸಿ ಹೆಸರಿಟ್ಟರು. ಒಂದು ಶೋಧವು ಎಲ್ಲರ ತಿಳಿವಳಿಕೆಯಲ್ಲಿ ಪೂರ್ತಿಯಾಗಿ ಬೆರೆತುಹೋದಾಗ ಅದನ್ನು ಯಾರೂ ಉಲ್ಲೇಖಿಸುವುದಿಲ್ಲ. ಮೂಲಕರ್ತನ ಹೆಸರು ಅಳಿಸಿಹೋಗುತ್ತದೆ ಎಂಬುದು ಅವರ ಅಭಿಪ್ರಾಯದ ಸಾರ. 2014ರಲ್ಲಿ ‘ನೇಚರ್’ ಪತ್ರಿಕೆ ಅತಿ ಹೆಚ್ಚು ಉಲ್ಲೇಖಗೊಂಡ ನೂರು ವಿಜ್ಞಾನಲೇಖನಗಳ ಪಟ್ಟಿಯೊಂದನ್ನು ಪ್ರಕಟಿಸಿತು. ಪ್ರೋಟೀನಿನ ಪ್ರಮಾಣವನ್ನು ಕಂಡುಹಿಡಿಯುವ ವಿಧಾನವನ್ನು ತಿಳಿಸುವ 1951ರ ಲೌರಿ ಮತ್ತು ಸಂಗಡಿಗರ ಲೇಖನ, 3 ಲಕ್ಷಕ್ಕೂ ಹೆಚ್ಚು ಉಲ್ಲೇಖಗಳೊಡನೆ, ಅದರಲ್ಲಿ ಪ್ರಥಮ ಸ್ಥಾನದಲ್ಲಿತ್ತು. ಡಿ.ಎನ್.ಎ.ಯ ಜೋಡಿಸುರುಳಿ ರಚನೆಯನ್ನು ಜಗತ್ತಿಗೆ ತಿಳಿಸಿದ 1953ರ ವಾಟ್ಸನ್-ಕ್ರಿಕ್ ಲೇಖನಕ್ಕೆ ಆ ನೂರರಲ್ಲಿ ಸ್ಥಾನವೇ ಇರಲಿಲ್ಲ. ಜೀವವಿಜ್ಞಾನದ ಶಾಲಾಪುಸ್ತಕಗಳೆಲ್ಲ ಅದರ ಋಣದಲ್ಲಿವೆ. ಆದರೆ ಆ ಋಣ ಪತ್ರದಲ್ಲಿ ಬರೆದಿಟ್ಟ ಋಣವಲ್ಲ. ಉಲ್ಲೇಖದ ಲೆಕ್ಕವು ಬರೆದಿಟ್ಟ ಋಣವನ್ನು ಮಾತ್ರ ಕಾಣಬಲ್ಲುದು. ಋಣ ಹೆಚ್ಚಿದ್ದಲ್ಲಿಯೇ ಅದು ಕುರುಡಾಗುವ ಸಂಭವ ಹೆಚ್ಚು.

ಈ ಮಾತು ಕನ್ನಡದ ಗ್ರಂಥಸಂಪಾದನೆಗೆ ವಿಶೇಷವಾಗಿ ಅನ್ವಯಿಸುತ್ತದೆ. ಓಲೆಗರಿಯ ಪ್ರತಿಯಲ್ಲಿ ಪದವಿಭಾಗವಿಲ್ಲ. ಎಕಾರ-ಏಕಾರ, ಒಕಾರ-ಓಕಾರಗಳ ಭೇದ ಸಾಮಾನ್ಯವಾಗಿ ತೋರುವುದಿಲ್ಲ. ಲಿಪಿಕಾರನ ಸ್ಖಾಲಿತ್ಯಗಳು ಬೇರೆ. ಹಲವು ಪ್ರತಿಗಳನ್ನು ಕೂಡಿಸಿ, ಪಾಠಾಂತರಗಳನ್ನು ತೂಗಿ, ಒಂದು ವಚನ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆಂಬುದನ್ನು ಅಂಕಿತದಿಂದ ನಿಶ್ಚಯಿಸಿ, ಸಂಪಾದಕನು ಓದುಗನ ಕೈಗೆ ತಿಳಿಯಾದ ಪಾಠವನ್ನು ಕೊಡುತ್ತಾನೆ. ಅವನ ಕೆಲಸ ಎಷ್ಟು ಚೆನ್ನಾಗಿ ಆಗಿದೆಯೋ ಅಷ್ಟರಮಟ್ಟಿಗೆ ಅವನು ಮರೆಯಾಗುತ್ತಾನೆ. ಓದುಗನು ಬಸವಣ್ಣನವರನ್ನು ಓದಿದೆನೆಂದು ತಿಳಿಯುತ್ತಾನೆಯೇ ಹೊರತು ಸಂಪಾದಕನನ್ನು ಓದಿದೆನೆಂದು ತಿಳಿಯುವುದಿಲ್ಲ.

ಫ. ಗು. ಹಳಕಟ್ಟಿಯವರ ನಿದರ್ಶನವನ್ನು ನೋಡಬಹುದು. ವಿಜಾಪುರದಲ್ಲಿ ವಕೀಲರಾಗಿದ್ದ ಅವರು ಓಲೆಗರಿಗಳನ್ನು ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು, ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನು ಮಾರಿದರು. ವಕೀಲರ ವೃತ್ತಿಯಲ್ಲಿ ಹುಟ್ಟಿದ ಉಲ್ಲೇಖಸೂಚಿ ಈ ವಕೀಲರ ವಿದ್ವತ್ಕಾರ್ಯಕ್ಕೆ ಎಷ್ಟು ಅಂಕ ಕೊಟ್ಟೀತು? ಎರಡು ವರ್ಷಗಳ ಅವಧಿಯ ಪ್ರಭಾವಾಂಕವು 1925ಕ್ಕೇ ಅವರ ಲೆಕ್ಕವನ್ನು ಮುಗಿಸಿಬಿಡುತ್ತಿತ್ತು. ಆದರೆ ವಚನಗಳ ಬಗ್ಗೆ ಅನಂತರ ಹುಟ್ಟಿದ ಸಾಹಿತ್ಯದಲ್ಲಿ ಅವರು ಹಾಕಿದ ತಳಹದಿಯ ಮೇಲೆ ನಿಲ್ಲದ ಬರಹ ವಿರಳ.

ಇಂದಿನ ಸಂಶೋಧನಪ್ರಬಂಧಗಳ ರೂಢಿಯನ್ನು ಗಮನಿಸಿದರೆ ಈ ಮರೆವು ಹೇಗೆ ನಡೆಯುತ್ತದೆಂಬುದು ಸ್ಪಷ್ಟವಾಗುತ್ತದೆ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಕರ್ನಾಟಕ ಸರ್ಕಾರದಿಂದ 15 ಸಂಪುಟಗಳಲ್ಲಿ ಹೊರಬಂದ ಸಮಗ್ರ ವಚನ ಸಂಪುಟಗಳಿಂದ ವಚನವನ್ನು ಎತ್ತಿಕೊಳ್ಳುವವರು ಅಡಿಟಿಪ್ಪಣಿಯಲ್ಲಿ ‘ಸ.ವ.ಸಂ.’ ಎಂಬ ಮೂರು ಅಕ್ಷರಗಳನ್ನೂ ವಚನದ ಸಂಖ್ಯೆಯನ್ನೂ ಬರೆದು ಮುಂದುವರಿಯುತ್ತಾರೆ. ಶಿವಶರಣೆಯರ ಐದನೆಯ ಸಂಪುಟವನ್ನು ಸಂಪಾದಿಸಿದವರು ವೀರಣ್ಣ ರಾಜೂರ ಎಂಬುದು ಆ ಟಿಪ್ಪಣಿಯಿಂದ ತಿಳಿಯುವುದಿಲ್ಲ. ಕವಿಗಳ ಕಾಲನಿರ್ಣಯಕ್ಕೆ ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯನ್ನು, ಶಬ್ದಾರ್ಥಕ್ಕೆ 1894ರ ಕಿಟ್ಟೆಲ್ ಕೋಶವನ್ನು ನೋಡಿ ಹೆಸರೆತ್ತದೆ ಬಿಡುವುದೂ ಇಂಥದೇ ರೂಢಿ. ಯಂತ್ರವು ಹೆಸರನ್ನು ಎಣಿಸುತ್ತದೆ; ಹೆಸರೇ ಇಲ್ಲದಲ್ಲಿ ಅದು ಏನನ್ನು ಎಣಿಸಬೇಕು? ಕನ್ನಡ ಮಾಸಪತ್ರಿಕೆಗಳಲ್ಲಿ ಬಹುತೇಕವು ಆ ಜಾಗತಿಕ ಸೂಚಿಗಳ ವ್ಯಾಪ್ತಿಗೇ ಬಂದಿಲ್ಲವೆಂಬುದು ಇದರ ಮೇಲಿನ ಮಾತು.

ಭಾರತದಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2010ರ ನಿಯಮಗಳಿಂದ ಅಧ್ಯಾಪಕರ ಶೈಕ್ಷಣಿಕ ಸಾಧನೆಗೆ ಅಂಕಪದ್ಧತಿಯನ್ನು ತಂದಿತು. 2018ರ ನಿಯಮಗಳಲ್ಲಿ ಅದು ಪರಿಷ್ಕೃತವಾಯಿತು. ಆ ಕೋಷ್ಟಕದ ಪ್ರಕಾರ ಭಾಷೆ ಮತ್ತು ಮಾನವಿಕ ವಿಷಯಗಳಲ್ಲಿ ಮಾನ್ಯಪತ್ರಿಕೆಯ ಒಂದು ಲೇಖನಕ್ಕೆ 10 ಅಂಕ. ರಾಷ್ಟ್ರೀಯ ಪ್ರಕಾಶಕರಿಂದ ಬಂದ ಗ್ರಂಥದ ಸಂಪಾದಕನಿಗೆ 8 ಅಂಕ. ಹತ್ತು ಜನರ ಲೇಖನಗಳನ್ನು ಒಟ್ಟುಗೂಡಿಸಿದವನೂ ಸಂಪಾದಕ, ಹತ್ತು ಓಲೆಪ್ರತಿಗಳನ್ನು ತಾಳೆನೋಡಿ ಪಾಠವನ್ನು ನಿರ್ಣಯಿಸಿದವನೂ ಸಂಪಾದಕ. ಇಬ್ಬರಿಗೂ ಒಂದೇ ಕಲಮು. ಎಂಟು ಪುಟಗಳ ಲೇಖನಕ್ಕಿಂತ ಎಂಟು ವರ್ಷಗಳ ಸಂಪಾದನೆ ಎರಡು ಅಂಕ ಹಿಂದೆ ಉಳಿಯಿತು. ಅಂಕಕ್ಕಾಗಿ ಹುಟ್ಟಿಕೊಂಡ ಪತ್ರಿಕೆಗಳ ಹಾವಳಿ ಎಷ್ಟಾಯಿತೆಂದರೆ, 2018ರ ಮೇ ತಿಂಗಳಿನಲ್ಲಿ ಆಯೋಗವೇ ತನ್ನ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕಿತ್ತುಹಾಕಬೇಕಾಯಿತು. ಅದರ ಬಳಿಕ ಸಿದ್ಧಪಡಿಸಿದ ‘ಕೇರ್’ ಪಟ್ಟಿಯನ್ನೂ 2025ರ ಫೆಬ್ರವರಿಯಲ್ಲಿ ಕೈಬಿಟ್ಟಿತು.

ಇಲ್ಲಿ ಪೂರ್ವಪಕ್ಷವೊಂದುಂಟು. ಸಂಖ್ಯೆ ಇಲ್ಲದಿದ್ದ ಕಾಲದಲ್ಲಿ ನೇಮಕಗಳು ನ್ಯಾಯವಾಗಿ ನಡೆಯುತ್ತಿದ್ದವೇ? ಶಿಫಾರಸು, ಜಾತಿ, ಬಂಧುತ್ವಗಳು ಆಗ ಮೇಲುಗೈ ಪಡೆದಿರಲಿಲ್ಲವೇ? ಯಾರ ಬೆಂಬಲವೂ ಇಲ್ಲದ ಬಡ ವಿದ್ಯಾರ್ಥಿಗೆ ಅಂಕವೇ ಆಸರೆಯಲ್ಲವೇ? ಈ ಪ್ರಶ್ನೆಗಳನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಅಳತೆಯೇ ಬೇಡವೆನ್ನುವವರು ಹಳೆಯ ಪಕ್ಷಪಾತಕ್ಕೆ ಬಾಗಿಲು ತೆರೆಯುತ್ತಾರೆ ಎಂಬುದು ಸತ್ಯ. ಆದರೆ ಪಕ್ಷಪಾತವನ್ನು ತಡೆಯಲೆಂದು ತಂದ ಕೋಲು ಬೆಳೆಯನ್ನೇ ಮುರಿಯತೊಡಗಿದರೆ ಕೋಲನ್ನು ಬದಲಿಸಬೇಕಾಗುತ್ತದೆ. ಓಲೆಗರಿಯ ಲಿಪಿಯನ್ನು ಓದಬಲ್ಲ ತರುಣನು ಆ ವಿದ್ಯೆಯಿಂದ ಉದ್ಯೋಗ ದೊರೆಯದೆಂದು ತಿಳಿದು ಅದನ್ನು ಬಿಟ್ಟರೆ ಅವನನ್ನು ದೂಷಿಸುವಂತಿಲ್ಲ. ನಷ್ಟವಾಗುವುದು ಮಾತ್ರ ಇನ್ನೂ ಅಚ್ಚಾಗದ ಗ್ರಂಥಗಳಿಗೆ. ಹುಳು ಹಿಡಿದ ಗರಿ ಯಾವ ನಿಯಮದ ಪರಿಷ್ಕರಣಕ್ಕಾಗಿಯೂ ಕಾಯುವುದಿಲ್ಲ.

ಪರಿಹಾರದ ದಾರಿ ಕಾಣದೇ ಇಲ್ಲ. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ ವಿಜ್ಞಾನಪತ್ರಿಕೆಗಳ ಸಂಪಾದಕರು ಮತ್ತು ಪ್ರಕಾಶಕರು ರೂಪಿಸಿದ ಘೋಷಣೆಯು, ಪತ್ರಿಕೆಯ ಪ್ರಭಾವಾಂಕದಿಂದ ವ್ಯಕ್ತಿಯ ಯೋಗ್ಯತೆಯನ್ನು ಅಳೆಯಬಾರದೆಂದು ಸಾರಿತು. 2015ರ ಲೈಡನ್ ಪ್ರಣಾಳಿಕೆ ಹತ್ತು ಸೂತ್ರಗಳನ್ನು ಮುಂದಿಟ್ಟಿತು. ಸಂಖ್ಯೆಯು ಬಲ್ಲವರ ತೀರ್ಮಾನಕ್ಕೆ ಸಹಾಯಕವಾಗಿರಬೇಕು, ಸ್ಥಳೀಯ ಮಹತ್ವದ ಸಂಶೋಧನೆಯ ಶ್ರೇಷ್ಠತೆಯನ್ನು ಕಾಪಾಡಬೇಕು ಎಂಬವು ಅವುಗಳಲ್ಲಿ ಎರಡು. ಕನ್ನಡದ ಸಂದರ್ಭದಲ್ಲಿ ಇದರ ಅರ್ಥ ಸರಳವಾಗಿದೆ: ಆಯ್ಕೆಸಮಿತಿಯವರು ಅಭ್ಯರ್ಥಿಯ ಅಂಕಪಟ್ಟಿಯೊಡನೆ ಅವನ ಒಂದು ಕೃತಿಯನ್ನಾದರೂ ಓದಿ ಬರಬೇಕು, ಪಾಠಸಂಪಾದನೆಗೆ ಪ್ರತ್ಯೇಕ ಕಲಮು ಇರಬೇಕು.

ಇವೆರಡೂ ಸರ್ಕಾರದ ಕೈಯಲ್ಲಿವೆ. ಮೂರನೆಯದೊಂದು ಬರೆಯುವವರ ಕೈಯಲ್ಲಿಯೇ ಇದೆ. ವಚನವನ್ನು ಉಲ್ಲೇಖಿಸುವವರು ಸಂಪುಟದ ಹೆಸರಿನ ಜೊತೆಗೆ ಅದರ ಸಂಪಾದಕರ ಹೆಸರನ್ನೂ ಬರೆಯುವ ನಿಯಮವನ್ನು ಪಾಲಿಸಬೇಕು. ವಿದ್ವತ್ಪತ್ರಿಕೆಗಳು ಇದನ್ನು ಲೇಖಕರಿಂದ ಕಡ್ಡಾಯವಾಗಿ ಅಪೇಕ್ಷಿಸಬೇಕು. ಮಾರ್ಗದರ್ಶಕರು ವಿದ್ಯಾರ್ಥಿಗಳಿಗೆ ಮೊದಲ ಪಾಠವಾಗಿ ಕಲಿಸಬೇಕು. ಇದಕ್ಕೆ ಅನುದಾನ ಬೇಡ, ಆದೇಶ ಬೇಡ, ಅಡಿಟಿಪ್ಪಣಿಯಲ್ಲಿ ಅರ್ಧ ಸಾಲು ಸಾಕು. ಉಪಕಾರ ಪಡೆದವನು ಉಪಕಾರಿಯ ಹೆಸರು ಹೇಳುವುದು ನಡೆ-ನುಡಿಗಳು ಒಂದಾಗಿರಬೇಕೆಂದು ಬೋಧಿಸುವ ಸಾಹಿತ್ಯವನ್ನು ಅಭ್ಯಸಿಸುವವರಿಗೆ ಭಾರವಾಗಬಾರದು. ಎಣಿಸುವವರ ಲೆಕ್ಕ ಸರಿಹೋಗುವ ಮುನ್ನ ಬರೆಯುವವರ ಲೆಕ್ಕ ಶುದ್ಧವಾಗುವುದು ಯುಕ್ತ.