ಪಟ್ಟಿಯಲ್ಲಿ ಹೆಸರಿದೆ, ಕಾರಣವಿಲ್ಲ

ಬರಗಾಲದ ದುಡ್ಡು ಯಾರ ಖಾತೆಗೆ ಜಮಾ ಆಯಿತು ಎಂದು ತಿಳಿಯಲು ಹುನಗುಂದ ತಾಲ್ಲೂಕಿನ ರೈತ ಈಗ ಯಾರ ಕೈಕಾಲೂ ಹಿಡಿಯಬೇಕಿಲ್ಲ. ರಾಜ್ಯ ಸರ್ಕಾರದ 'ಪರಿಹಾರ' ತಂತ್ರಾಂಶದಲ್ಲಿ ವರ್ಷ, ಹಂಗಾಮು, ವಿಪತ್ತಿನ ಬಗೆ ಆರಿಸಿ ತನ್ನೂರಿನವರೆಗೆ ಬಂದರೆ ಹೆಸರುಗಳ ಸಾಲು ತೆರೆದುಕೊಳ್ಳುತ್ತದೆ. ಪಿಎಂ ಕಿಸಾನ್ ಫಲಾನುಭವಿಗಳ ಪಟ್ಟಿಯೂ ಊರುವಾರು ಸಿಗುತ್ತದೆ. ಬಾದಾಮಿ, ಇಳಕಲ್ ಕಡೆಯಿಂದ ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋದವರು ಅಲ್ಲಿಂದಲೇ ಮೊಬೈಲಿನಲ್ಲಿ ನೋಡಿಕೊಳ್ಳಬಹುದು. ಪಟ್ಟಿ ತಲಾಟಿಯ ಚೀಲದಲ್ಲೇ ಉಳಿಯುತ್ತಿದ್ದ ಕಾಲ ಕಂಡವರಿಗೆ ಇದು ಸಣ್ಣ ಸಂಗತಿಯಲ್ಲ.

ಆದರೆ ಯಾರಿಗೆ ಬಂತು ಎಂದು ಹೇಳುವ ಪಟ್ಟಿ, ಇಷ್ಟೇ ಏಕೆ ಬಂತು, ನನಗೇಕೆ ಬರಲಿಲ್ಲ ಎಂಬುದಕ್ಕೆ ಉತ್ತರ ಕೊಡುವುದಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವಾದವು. 2024ರ ಜನವರಿಯಲ್ಲಿ ಮೊದಲ ಕಂತೆಂದು ಗರಿಷ್ಠ 2,000 ರೂಪಾಯಿ ಬಂತು. ರಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ ಕೇಂದ್ರ 3,454 ಕೋಟಿ ಬಿಡುಗಡೆ ಮಾಡಿತು. ಶೇ 33 ಅಥವಾ ಅದಕ್ಕೂ ಹೆಚ್ಚು ಬೆಳೆ ಹಾಳಾದರೆ ಮಳೆಯಾಶ್ರಿತ ಹೊಲಕ್ಕೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ಎರಡು ಹೆಕ್ಟೇರಿನ ಮಿತಿಯೊಳಗೆ. ಇದು ಆಗಿನ ವಿಪತ್ತು ನಿಧಿಯ ನಿಯಮ. ನಮ್ಮ ಎರೆಹೊಲದ ರೈತ ಎಣಿಸುವುದು ಎಕರೆ, ಗುಂಟೆಗಳಲ್ಲಿ. ಒಣಬೇಸಾಯದ ಎಕರೆಗೆ ಸುಮಾರು 3,400 ಬರಬೇಕು ಎಂಬ ಒಂದೇ ಸಾಲು ಪಟ್ಟಿಯ ತಲೆಯ ಮೇಲಿದ್ದರೆ ತನ್ನ ಜೋಳದ ಹೊಲದ ಲೆಕ್ಕವನ್ನು ಆತ ತಾನೇ ತಾಳೆ ನೋಡಿಕೊಳ್ಳುತ್ತಾನೆ. ಹೆಸರುಕಾಳು ಬಿತ್ತಿದ ಹೊಲ ಬೆಳೆ ಸಮೀಕ್ಷೆಯ ಆ್ಯಪಿನಲ್ಲಿ ತೊಗರಿ ಎಂದು ದಾಖಲಾಗಿದ್ದರೆ, ಉತಾರ (ಪಹಣಿ) ಇನ್ನೂ ತೀರಿಕೊಂಡ ತಂದೆಯ ಹೆಸರಿನಲ್ಲೇ ಇದ್ದರೆ, ಆಧಾರ್ ಜೋಡಣೆ ತಪ್ಪಿದ್ದರೆ, ಅದನ್ನೂ ಅಲ್ಲೇ ಬರೆಯಬೇಕು. ದುಡ್ಡು ಸಿಕ್ಕವರ ಪಕ್ಕದಲ್ಲಿ ಸಿಗದವರ ಪಟ್ಟಿ, ಕಾರಣಸಹಿತ ಇಲ್ಲದಿದ್ದರೆ ಪಾರದರ್ಶಕತೆಯ ಮಾತು ಅರ್ಧಕ್ಕೇ ನಿಲ್ಲುತ್ತದೆ.

ಇದಕ್ಕಿಂತ ದೊಡ್ಡ ಕೊರತೆ ಲಾವಣಿ, ಅಂದರೆ ಗೇಣಿ ರೈತರದು. ಇಳಕಲ್ಲಿನಲ್ಲಿ ಅಂಗಡಿಯನ್ನೋ ಮಗ್ಗವನ್ನೋ ನೆಚ್ಚಿಕೊಂಡವರು ಊರಿನ ಹೊಲವನ್ನು ಪಾಲಿಗೆ ಹಾಕಿರುತ್ತಾರೆ. ಬೀಜ, ಗೊಬ್ಬರ, ಆಳಿನ ಕೂಲಿ ಎಲ್ಲವೂ ಉಳುವವನ ತಲೆಗೆ. ಪರಿಹಾರ ಉತಾರದಲ್ಲಿ ಹೆಸರಿದ್ದವರ ಖಾತೆಗೆ. ಪಿಎಂ ಕಿಸಾನಿನ ವರ್ಷದ 6,000 ರೂಪಾಯಿಯೂ ಭೂಮಿಯ ಒಡೆತನಕ್ಕೇ ಕಟ್ಟುಬಿದ್ದಿದೆ. ಉಳುವವನಿಗೇ ಹೊಲ ಎಂದ 1974ರ ಭೂಸುಧಾರಣೆಯ ನಂತರ ಗೇಣಿಯನ್ನು ಕಾಗದಕ್ಕೆ ಇಳಿಸಲು ಎಲ್ಲರಿಗೂ ಅಂಜಿಕೆ. ಹಾಗಾಗಿ ಒಂದು ತಪ್ಪೂ ಇಲ್ಲದ ಪಟ್ಟಿಯಲ್ಲಿಯೂ ಬಿತ್ತಿ ಕಳೆದುಕೊಂಡವನು ಕಾಣಿಸುವುದಿಲ್ಲ.

ಹೆಸರು ಬಹಿರಂಗಪಡಿಸಿದರೆ ಖಾಸಗಿತನಕ್ಕೆ ಧಕ್ಕೆ ಎಂಬ ವಾದವಿದೆ. ಜರ್ಮನಿಯ ಇಬ್ಬರು ಕೃಷಿಕರ ಮೊಕದ್ದಮೆಯಲ್ಲಿ ಯುರೋಪಿನ ನ್ಯಾಯಾಲಯ 2010ರಲ್ಲಿ ಇದನ್ನು ಒಪ್ಪಿತ್ತು. ಅಲ್ಲಿನ 2013ರ ನಿಯಮ ಸಹಾಯಧನದ ಸಣ್ಣ ಮೊತ್ತ ಪಡೆದವರನ್ನು ಬಿಟ್ಟು ಉಳಿದವರ ಹೆಸರನ್ನು ಮತ್ತೆ ಪ್ರಕಟಿಸಲು ಹೇಳಿತು. ಆ ವಿನಾಯಿತಿ ನಮಗೆ ಹೊಂದುವುದಿಲ್ಲ. ಪಿಎಂ ಕಿಸಾನಿನಲ್ಲಿ 42 ಲಕ್ಷಕ್ಕೂ ಹೆಚ್ಚು ಅನರ್ಹರಿಗೆ ಸುಮಾರು 3,000 ಕೋಟಿ ಸಂದಿದೆ ಎಂದು ಸರ್ಕಾರವೇ 2021ರಲ್ಲಿ ಸಂಸತ್ತಿಗೆ ತಿಳಿಸಿತು. ಅದು ಸೋರಿದ್ದು ಎರಡೆರಡು ಸಾವಿರದ ಕಂತುಗಳಲ್ಲಿ. ಬ್ಯಾಂಕ್ ಖಾತೆ, ಆಧಾರ್, ಫೋನ್ ನಂಬರು ಗುಟ್ಟಾಗಿರಲಿ. ಹೆಸರು, ಸರ್ವೆ ನಂಬರು, ಬೆಳೆ, ಮೊತ್ತ ಊರಿಗೆ ಗೊತ್ತಿರಲೇಬೇಕು. ಅದು ಯಾರ ಹೊಲ, ಅಲ್ಲಿ ಏನು ಬೆಳೆದಿತ್ತು ಎಂದು ಊರಿನವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಸಹಾಯಧನದ ಮೊತ್ತವನ್ನೂ ಫಲಾನುಭವಿಗಳ ವಿವರವನ್ನೂ ಕೇಳದೆಯೇ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಹೇಳುತ್ತದೆ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ತಿದ್ದಿದ್ದು ಮಾಹಿತಿ ಹಕ್ಕು ಕಾಯ್ದೆಯಲ್ಲಿ ಮಾಹಿತಿ ನಿರಾಕರಿಸಲು ಅವಕಾಶ ಕೊಡುವ 8ನೇ ಕಲಮನ್ನು. ವೈಯಕ್ತಿಕ ಮಾಹಿತಿ ಎಂಬ ನೆಪ ಹೇಳಲು ಕಚೇರಿಗಳಿಗೆ ಈಗ ದಾರಿ ಸಲೀಸಾಗಿದೆ. ಆದರೆ 4ನೇ ಕಲಂ ಇನ್ನೂ ಇದೆ. ಅದರ ಬಲದ ಮೇಲೆ ಪಟ್ಟಿಯನ್ನು ಪಂಚಾಯಿತಿಯ ಗೋಡೆಗೆ ಕನ್ನಡದಲ್ಲಿ ಅಂಟಿಸಿ, ದುಡ್ಡು ಜಮಾ ಆಗುವ ಮೊದಲೇ ಗ್ರಾಮಸಭೆಯಲ್ಲಿ ಓದಿ, ತಕರಾರು ಬರೆದುಕೊಳ್ಳಬೇಕು. ಉಳುವವನ ಹೆಸರಿಗೂ ಅದರಲ್ಲಿ ಒಂದು ಕಾಲಂ ಇರಬೇಕು.