ಉದ್ಯೋಗಪ್ರಶ್ನೆಯೂ ಹತ್ತನೆಯ ಭಾವವೂ: ಪ್ರಶ್ನಶಾಸ್ತ್ರದ ಒಂದು ದೈವಶಾಸ್ತ್ರೀಯ ವಿಮರ್ಶೆ

ಯಾದಗಿರಿ ಸೀಮೆಯ ಮುದನಾಳದಂಥ ಊರಿನಲ್ಲಿ ಪದವಿ ಮುಗಿಸಿ ನಾಲ್ಕಾರು ವರ್ಷ ಕಳೆದ ಯುವಕನೊಬ್ಬನನ್ನು ನೆನೆಯೋಣ. ಅರ್ಜಿಗಳನ್ನು ಹಾಕಿದ್ದಾನೆ, ಪರೀಕ್ಷೆಗಳನ್ನು ಬರೆದಿದ್ದಾನೆ; ಓರಗೆಯವರು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಗುಳೆ ಹೋಗಿದ್ದಾರೆ. ಮನೆಯ ಹಿರಿಯರು ಒಂದು ದಿನ, ಒಮ್ಮೆ ಹೊತ್ತಿಗೆ ತೆಗೆಸೋಣ ಎನ್ನುತ್ತಾರೆ. ಅವನು ಸಭೆಯ ಸದಸ್ಯನಾಗಿದ್ದರೆ, ಹೋಗಿ ಬಂದ ಮೇಲೆ ಆ ಸಂಗತಿಯನ್ನು ಸಭಾಪಾಲಕರಿಗೆ ಹೇಳುವುದಿಲ್ಲ. ಹೇಳಿದರೆ ಗದರಿಕೆ ಬರುವುದೆಂದು ಅವನಿಗೆ ಗೊತ್ತು. ಗದರಿಕೆ ಸುಲಭವಾದದ್ದು, ವಿಮರ್ಶೆ ಕಷ್ಟವಾದದ್ದು. ನಾವು ಇಲ್ಲಿ ಎರಡನೆಯದನ್ನು ಪ್ರಯತ್ನಿಸುತ್ತೇವೆ.

ಮೊದಲಿಗೆ ಈ ಶಾಸ್ತ್ರವನ್ನು ಅದರ ಸ್ವರೂಪದಲ್ಲಿಯೇ ಅರಿಯುವುದು ನ್ಯಾಯ. ಜಾತಕಶಾಸ್ತ್ರವು ಹುಟ್ಟಿದ ಗಳಿಗೆಯನ್ನು ಆಧರಿಸಿದರೆ ಪ್ರಶ್ನಶಾಸ್ತ್ರವು ಕೇಳಿದ ಗಳಿಗೆಯನ್ನು ಆಧರಿಸುತ್ತದೆ. ಹೆರಿಗೆ ಮನೆಯಲ್ಲಿಯೇ ಆಗಿ, ಗಳಿಗೆಯನ್ನು ಯಾರೂ ಬರೆದಿಡದ ಕುಟುಂಬಗಳಿಗೆ ಇದು ಒದಗುವುದು ಈ ಕಾರಣದಿಂದಲೇ. ಕೇಳಿದ ಕ್ಷಣದ ಲಗ್ನವು ಪೃಚ್ಛಕನನ್ನು ಸೂಚಿಸುತ್ತದೆ. ಹತ್ತನೆಯ ಭಾವವು ಕರ್ಮಸ್ಥಾನ, ಆರನೆಯದು ಸೇವೆ, ಎರಡನೆಯದು ಧನ, ಹನ್ನೊಂದನೆಯದು ಲಾಭ. ಸೂರ್ಯನು ಅರಸೊತ್ತಿಗೆಯ ಕೆಲಸಕ್ಕೂ ಶನಿಯು ದುಡಿಮೆಗೂ ಕಾರಕರು. ಲಗ್ನಾಧಿಪತಿಗೂ ಕರ್ಮಾಧಿಪತಿಗೂ ಸಂಬಂಧವಿದ್ದರೆ ಕೆಲಸ ಆಗುವುದು, ಇಲ್ಲದಿದ್ದರೆ ತಡೆ. ಕಳೆದ ಶತಮಾನದಲ್ಲಿ ತಮಿಳುನಾಡಿನ ಕೆ. ಎಸ್. ಕೃಷ್ಣಮೂರ್ತಿಯವರು ರೂಪಿಸಿದ ಪದ್ಧತಿಯಲ್ಲಿ ಪೃಚ್ಛಕನು 1ರಿಂದ 249ರೊಳಗಿನ ಒಂದು ಸಂಖ್ಯೆಯನ್ನು ಹೇಳುತ್ತಾನೆ. ಲಗ್ನವು ಆ ಸಂಖ್ಯೆಯಿಂದಲೇ ಹೊರಡುತ್ತದೆ. ಕೇರಳದಲ್ಲಿ 1649ರಲ್ಲಿ ರಚಿತವಾದ, ಬೆಂಗಳೂರಿನ ಬಿ. ವಿ. ರಾಮನ್ ಅವರು ಇಂಗ್ಲಿಷಿಗೆ ತಂದ ‘ಪ್ರಶ್ನಮಾರ್ಗ’ವು ಗ್ರಹಗಳ ಜೊತೆಗೆ ಶಕುನ, ಶ್ವಾಸ, ಪೃಚ್ಛಕನು ನಿಂತ ದಿಕ್ಕು, ಮುಟ್ಟಿದ ಅಂಗ ಮೊದಲಾದವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಇದು ಅವಿವೇಕಿಗಳ ಕಟ್ಟುಕಥೆಯಲ್ಲ. ಶಿಸ್ತುಳ್ಳ, ಶತಮಾನಗಳ ವ್ಯಾಸಂಗವುಳ್ಳ ಒಂದು ವ್ಯವಸ್ಥೆ.

ಆದರೆ ಇದನ್ನು ‘ವೈದಿಕ’ವೆಂದು ಕರೆಯುವಾಗ ಸ್ವಲ್ಪ ನಿಲ್ಲಬೇಕು. ವೇದಾಂಗ ಜ್ಯೋತಿಷವು ಯಜ್ಞಕಾಲವನ್ನು ನಿರ್ಣಯಿಸುವ ಕಾಲಗಣನೆಯ ಗ್ರಂಥ. ಹನ್ನೆರಡು ಭಾವಗಳ ಫಲನಿರೂಪಣೆ ಅದರಲ್ಲಿಲ್ಲ. ಹೋರಾ, ಕೇಂದ್ರ, ಪಣಫರ, ಆಪೋಕ್ಲಿಮ ಎಂಬ ಪದಗಳು ಗ್ರೀಕ್ ಮೂಲದವು. ಆರನೆಯ ಶತಮಾನದ ವರಾಹಮಿಹಿರನು ಯವನರ ಜ್ಞಾನವನ್ನು ಮುಚ್ಚುಮರೆಯಿಲ್ಲದೆ ಗೌರವಿಸಿದನು. ಉದ್ಯೋಗಪ್ರಶ್ನೆಯಲ್ಲಿ ಬಳಕೆಯಾಗುವ ‘ಇತ್ಥಶಾಲ’ ಯೋಗದ ಹೆಸರು ಅರಬ್ಬಿಯ ‘ಇತ್ತಿಸಾಲ್’ನಿಂದ ತಾಜಿಕ ಗ್ರಂಥಗಳ ಮೂಲಕ ಬಂದದ್ದು. ಇನ್ನೂ ಒಂದು ಸಂಗತಿ ನಮ್ಮನ್ನು ವಿನಯವಂತರನ್ನಾಗಿ ಮಾಡಬೇಕು. ಪ್ರಶ್ನಮಾರ್ಗಕ್ಕೆ ಎರಡೇ ವರ್ಷ ಮೊದಲು, 1647ರಲ್ಲಿ, ಲಂಡನ್ನಿನಲ್ಲಿ ವಿಲಿಯಂ ಲಿಲಿಯು ಪ್ರಶ್ನಜ್ಯೋತಿಷದ ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದನು. ಅದರಲ್ಲಿಯೂ ಪದವಿ, ಅಧಿಕಾರಗಳ ಪ್ರಶ್ನೆಗೆ ಹತ್ತನೆಯ ಮನೆಯನ್ನೇ ನೋಡಬೇಕು. ಆ ಗ್ರಂಥದ ಹೆಸರು ‘ಕ್ರಿಶ್ಚಿಯನ್ ಆಸ್ಟ್ರಾಲಜಿ’. ಆದುದರಿಂದ ಈ ವಿಮರ್ಶೆಯು ನೆರೆಯವರ ಧರ್ಮದ ಮೇಲಿನ ಆಕ್ರಮಣವಾಗಬಾರದು. ಸಭೆಯೊಳಗೂ ಸಭೆಯ ಹೊರಗೂ ಒಂದೇ ಆಗಿರುವ ಮಾನವ ಹಂಬಲವೊಂದರ ಪರಿಶೀಲನೆ ಇದಾಗಬೇಕು.

ಜ್ಯೋತಿಷದ ವಿರುದ್ಧ ನಮ್ಮ ಪರಂಪರೆಯ ಪ್ರಸಿದ್ಧ ವಾದ ಅಗಸ್ಟಿನನದು. ತಾನೇ ಒಂದು ಕಾಲದಲ್ಲಿ ಜ್ಯೋತಿಷಿಗಳ ಬಾಗಿಲಿಗೆ ಹೋಗುತ್ತಿದ್ದ ಅವನು, ಒಂದೇ ಗಳಿಗೆಯಲ್ಲಿ ಹುಟ್ಟಿದ ಶ್ರೀಮಂತನ ಮಗ ಫಿರ್ಮಿನನಿಗೂ ಒಬ್ಬ ದಾಸಿಯ ಮಗನಿಗೂ ಬಾಳು ಬೇರೆಬೇರೆಯಾದುದನ್ನು ಕೇಳಿ ಆ ನಂಬಿಕೆಯನ್ನು ತೊರೆದನು. ಯಾಕೋಬ ಮತ್ತು ಏಸಾವರ ಉದಾಹರಣೆಯನ್ನೂ ಅವನು ಎತ್ತುತ್ತಾನೆ. ಆದರೆ ಈ ವಾದವು ಜಾತಕಕ್ಕೆ ತಾಗುವಂತೆ ಪ್ರಶ್ನಶಾಸ್ತ್ರಕ್ಕೆ ತಾಗುವುದಿಲ್ಲ. ಇಲ್ಲಿ ಜನ್ಮಗಳಿಗೆಯ ಮಾತೇ ಇಲ್ಲ. ನಾವು ಬೇರೆಯೇ ಪ್ರಶ್ನೆ ಕೇಳಬೇಕು. ಒಂದೇ ಹುದ್ದೆಗೆ ಅರ್ಜಿ ಹಾಕಿದ ಇಬ್ಬರು ಒಂದೇ ಪಟ್ಟಣದಲ್ಲಿ, ಒಂದೇ ಗಳಿಗೆಯಲ್ಲಿ, ಇಬ್ಬರು ದೈವಜ್ಞರ ಮುಂದೆ ಕುಳಿತಿದ್ದಾರೆ ಎನ್ನೋಣ. ಲಗ್ನ ಒಂದೇ, ಗ್ರಹಸ್ಥಿತಿ ಒಂದೇ. ಹುದ್ದೆ ಇಬ್ಬರಿಗೂ ಸಿಗಲಾರದು. ಶಾಸ್ತ್ರಜ್ಞರ ಉತ್ತರ ಸಿದ್ಧವಿದೆ: ಅವರು ಹೇಳುವ ಸಂಖ್ಯೆ ಬೇರೆಯಾಗುವುದು, ಶಕುನ ಬೇರೆಯಾಗುವುದು. ಹಾಗಾದರೆ ಇಬ್ಬರ ನಡುವೆ ನಿರ್ಣಯಿಸಿದ್ದು ಆಕಾಶವಲ್ಲ, ನಾಲಿಗೆಯ ಮೇಲೆ ಬಂದ ಒಂದು ಅಂಕಿ. ಆ ಅಂಕಿಯನ್ನು ದೈವವೇ ನುಡಿಸುತ್ತದೆ ಎಂದು ಅವರು ಹೇಳಬಹುದು; ಪ್ರಶ್ನಮಾರ್ಗವು ದೈವಜ್ಞನ ಭಕ್ತಿ, ನಿಯಮ, ಉಪಾಸನೆಗಳನ್ನು ಒತ್ತಿ ಹೇಳುವುದೂ ಇದಕ್ಕಾಗಿಯೇ. ಅಲ್ಲಿಗೆ ವಾದವು ಖಗೋಳದಿಂದ ದೈವಶಾಸ್ತ್ರಕ್ಕೆ ಬಂದು ನಿಲ್ಲುತ್ತದೆ. ನುಡಿಸುವವನು ಯಾರು? ಈ ದಾರಿಯಲ್ಲಿ ಉತ್ತರಿಸುವೆನೆಂದು ಅವನು ಎಂದಾದರೂ ಮಾತು ಕೊಟ್ಟಿದ್ದಾನೆಯೇ?

ಹೇಳಿದ್ದು ನಿಜವಾಯಿತಲ್ಲವೇ ಎಂಬ ಮಾತನ್ನು ಈ ಸೀಮೆಯವರು ಬಲ್ಲರು. 1841ರಿಂದ 1853ರವರೆಗೆ ಸುರಪುರದಲ್ಲಿ ಆಡಳಿತ ನಡೆಸಿದ ಮೆಡೋಸ್ ಟೇಲರ್, 1877ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ, ರಾಜಾ ವೆಂಕಟಪ್ಪ ನಾಯಕನು ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಸಾಯುವನೆಂದು ಜಾತಕ ನುಡಿದಿದ್ದ ಸಂಗತಿಯನ್ನು ದಾಖಲಿಸಿದ್ದಾನೆ. 1858ರ ಬಂಡಾಯದ ತರುವಾಯ ಸೆರೆಯಾಳಾಗಿ ಹೋಗುವ ದಾರಿಯಲ್ಲಿ ರಾಜನು ಗುಂಡೇಟಿನಿಂದ ಸತ್ತನು. ಟೇಲರನು ಬೆರಗಾದನು. ನಾವೂ ಬೆರಗಾಗಬಹುದು. ಆದರೆ ಆ ಭವಿಷ್ಯವು ಯಾರಿಗೆ ಏನನ್ನು ಮಾಡಿತು? ಎಳೆಯ ಪ್ರಾಯದಿಂದಲೇ ಒಂದು ಮನೆತನದ ಮೇಲೆ ಮರಣದ ನೆರಳನ್ನು ಚೆಲ್ಲಿತು. ಕಂಪನಿಯ ಆಳ್ವಿಕೆ, ಸಂಸ್ಥಾನದ ಸಾಲ, ಬಂಡಾಯದ ಹಿನ್ನೆಲೆ ಇವೆಲ್ಲವೂ ವಿಧಿಯೆಂಬ ಒಂದು ಪದದ ಹಿಂದೆ ಮರೆಯಾದವು. ಧರ್ಮೋಪದೇಶಕಾಂಡದ ಹದಿಮೂರನೆಯ ಅಧ್ಯಾಯವು ಸೂಚನೆಯು ನೆರವೇರಿದ ಮಾತ್ರಕ್ಕೆ ಪ್ರವಾದಿಯನ್ನು ಹಿಂಬಾಲಿಸಬಾರದೆಂದು ಎಚ್ಚರಿಸುತ್ತದೆ. ನೆರವೇರಿತೇ ಎಂಬುದು ಸತ್ಯವೇದದ ಒಂದೇ ಪರೀಕ್ಷೆಯಲ್ಲ. ಅದು ಯಾರ ಕಡೆಗೆ ನಡೆಸುತ್ತದೆ ಎಂಬುದು ಅದಕ್ಕಿಂತ ದೊಡ್ಡ ಪರೀಕ್ಷೆ.

ಇಲ್ಲಿ ಪ್ರಾಮಾಣಿಕವಾದ ಒಂದು ಆಕ್ಷೇಪಕ್ಕೆ ಉತ್ತರ ಕೊಡಬೇಕು. ಇಸ್ರಾಯೇಲ್ಯರಿಗೆ ಊರೀಮ್ ತುಮ್ಮೀಮ್ ಇದ್ದವು. ಅಪೊಸ್ತಲರೇ ಮತ್ತೀಯನ ವಿಷಯದಲ್ಲಿ ಚೀಟು ಹಾಕಿದರು. ಅದೂ ಒಂದು ಹುದ್ದೆಯ ಪ್ರಶ್ನೆಯೇ ಆಗಿತ್ತಲ್ಲವೇ? ಹೌದು. ಆದರೆ ಅಪೊಸ್ತಲರ ಕೃತ್ಯಗಳ ಮೊದಲನೆಯ ಅಧ್ಯಾಯವನ್ನು ನಿಧಾನವಾಗಿ ಓದಿದರೆ ಮೂರು ವ್ಯತ್ಯಾಸಗಳು ಕಾಣುತ್ತವೆ. ಯೋಗ್ಯತೆ ಏನಿರಬೇಕೆಂಬುದನ್ನು ಸಭೆಯು ಮೊದಲು ವಿವೇಚಿಸಿ ಇಬ್ಬರನ್ನು ನಿಲ್ಲಿಸಿತು. ಬಳಿಕ ಎಲ್ಲರ ಮುಂದೆ ಪ್ರಾರ್ಥಿಸಿತು. ಆಯ್ಕೆಯಾಗದವನಿಗೆ ದೋಷವನ್ನು ಹಚ್ಚಲಿಲ್ಲ, ಪರಿಹಾರವನ್ನು ಮಾರಲಿಲ್ಲ. ಪಂಚಾಶತ್ತಮದ ಬಳಿಕ ಹೊಸ ಒಡಂಬಡಿಕೆಯಲ್ಲಿ ಚೀಟಿನ ಮಾತೇ ಇಲ್ಲ. ಆರನೆಯ ಅಧ್ಯಾಯದಲ್ಲಿ ಏಳು ಮಂದಿಯನ್ನು ಸಮುದಾಯವೇ ಆರಿಸುತ್ತದೆ. ಯೆರೆಮೀಯನು ಆಕಾಶದ ಸೂಚನೆಗಳಿಗೆ ಹೆದರಬೇಡಿರೆಂದು ಹೇಳುವಾಗಲೂ ಯೆಶಾಯನು ಬಾಬೆಲಿನ ನಕ್ಷತ್ರಜ್ಞರನ್ನು ಕೆಣಕುವಾಗಲೂ ಕೇಂದ್ರದಲ್ಲಿರುವ ಮಾತು ಒಂದೇ: ದೇವಜನರು ಭಯದ ಆಳ್ವಿಕೆಗೆ ಒಳಗಾಗಬಾರದು.

ಈ ಭಯದ ವಿಷಯವೇ ನಮ್ಮ ವಿಮರ್ಶೆಯ ತಿರುಳು. ಪ್ರಶ್ನಮಾರ್ಗದಂಥ ಗ್ರಂಥಗಳಲ್ಲಿ ತಡೆಯೊಂದು ಕಂಡಾಗ ಅದರ ಮೂಲವನ್ನು ದೇವತಾಕೋಪ, ಪಿತೃಶಾಪ, ಸರ್ಪದೋಷ, ಶತ್ರುಗಳ ಮಾಟ ಇವುಗಳಲ್ಲಿ ಹುಡುಕಲಾಗುತ್ತದೆ. ಉದ್ಯೋಗ ಕೇಳಲು ಹೋದವನು ತನ್ನ ಮನೆಯ ಸತ್ತವರನ್ನೂ ನೆರೆಯ ಬದುಕಿರುವವರನ್ನೂ ಶಂಕಿಸುತ್ತ ಹಿಂದಿರುಗಬಹುದು. ಈಗ ನಮ್ಮದೇ ಭಾಗದ ಒಂದು ಘಟನೆಯನ್ನು ಇದರ ಪಕ್ಕದಲ್ಲಿ ಇಡೋಣ. 2021ರ ಅಕ್ಟೋಬರಿನಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಕಲಬುರಗಿಯ ಒಂದು ಕೇಂದ್ರದಲ್ಲಿ ಉತ್ತರಪತ್ರಿಕೆಗಳ ಅಕ್ರಮ ಬಯಲಾಗಿ, 2022ರ ಏಪ್ರಿಲಿನಲ್ಲಿ ಆ ಪರೀಕ್ಷೆಯೇ ರದ್ದಾಯಿತು. ಆ ತಿಂಗಳುಗಳಲ್ಲಿ ಯಾವನಾದರೂ ಅಭ್ಯರ್ಥಿ ತನಗೇಕೆ ಕೆಲಸ ಆಗಲಿಲ್ಲವೆಂದು ಕೇಳಿದ್ದರೆ ಅವನ ಹತ್ತನೆಯ ಭಾವದಲ್ಲಿ ಶನಿ ಕಾಣಿಸಿಕೊಂಡಿರಬಹುದು, ಲಂಚ ಕಾಣಿಸಿಕೊಳ್ಳುತ್ತಿರಲಿಲ್ಲ. ಸಂವಿಧಾನದ 371(ಜೆ) ವಿಧಿಯು ಕಲ್ಯಾಣ ಕರ್ನಾಟಕದವರಿಗೆ ಉದ್ಯೋಗದಲ್ಲಿ ಮೀಸಲಾತಿಗೆ ದಾರಿ ಮಾಡಿತು. ಅದರ ಪ್ರಯೋಜನ ಪಡೆಯಲು ಬೇಕಾದ ಪ್ರಮಾಣಪತ್ರವನ್ನೂ ಯಾವ ಗ್ರಹವೂ ತೋರಿಸಿಕೊಡದು.

ಮತ್ತಾಯನ ಇಪ್ಪತ್ತನೆಯ ಅಧ್ಯಾಯದ ದ್ರಾಕ್ಷೇತೋಟದ ಸಾಮ್ಯವನ್ನು ನಾವು ಕೃಪೆಯ ಪಾಠವಾಗಿ ಓದುತ್ತೇವೆ. ಅದು ಉದ್ಯೋಗಪ್ರಶ್ನೆಯ ಪಾಠವೂ ಹೌದು. ಸಂಜೆ ಐದರ ಹೊತ್ತಿಗೂ ಪೇಟೆಯಲ್ಲಿ ಕೆಲಸವಿಲ್ಲದೆ ನಿಂತವರನ್ನು ಯಜಮಾನನು ಕಾರಣ ಕೇಳುತ್ತಾನೆ. ತಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ ಎಂಬುದೇ ಅವರ ಉತ್ತರ. ಯಜಮಾನನು ಆ ಉತ್ತರವನ್ನು ನಂಬುತ್ತಾನೆ. ಅವರ ಗಳಿಗೆಯನ್ನು ಕೇಳುವುದಿಲ್ಲ, ದೋಷವನ್ನು ಹುಡುಕುವುದಿಲ್ಲ, ತೋಟಕ್ಕೆ ಕಳುಹಿಸುತ್ತಾನೆ. ಕೆಲಸವಿಲ್ಲದವನ ಮಾತನ್ನು ನಂಬುವುದೇ ಸುವಾರ್ತೆಯ ಮೊದಲ ಹೆಜ್ಜೆ.

ಈ ಅಳತೆಗೋಲನ್ನು ನಮ್ಮ ಮೇಲೆಯೂ ಇಟ್ಟುಕೊಳ್ಳದಿದ್ದರೆ ಈ ಬರಹ ಕಪಟವಾಗುವುದು. ಹೊಸ ವರುಷದ ರಾತ್ರಿ ವಾಗ್ದಾನದ ಚೀಟಿ ಎತ್ತಿ ಅದರಲ್ಲಿ ನೌಕರಿಯನ್ನು ಹುಡುಕುವವರು ನಮ್ಮವರೇ. ಬಾಬೆಲಿನ ಸೆರೆಯಲ್ಲಿದ್ದ ಇಡೀ ಜನಾಂಗಕ್ಕೆ, ಎಪ್ಪತ್ತು ವರುಷ ಕಾಯುವ ಕರೆಯೊಂದಿಗೆ ಬಂದ ಯೆರೆಮೀಯನ ಇಪ್ಪತ್ತೊಂಬತ್ತನೆಯ ಅಧ್ಯಾಯದ ಮಾತನ್ನು ಮುಂದಿನ ತಿಂಗಳ ಸಂದರ್ಶನಕ್ಕೆ ಅಂಟಿಸುವವರೂ ನಮ್ಮವರೇ. ಕಾಣಿಕೆ ಪಡೆದು ಇಂಥ ದಿನದೊಳಗೆ ಸರಕಾರಿ ಕೆಲಸವೆಂದು ನುಡಿಯುವ, ಆಗದಿದ್ದರೆ ವಂಶದ ಶಾಪವೆನ್ನುವ ಪ್ರವಾದನೆಗಳು ಹೆಸರನ್ನು ಬದಲಿಸಿಕೊಂಡ ಪ್ರಶ್ನಶಾಸ್ತ್ರವೇ. ಫಿಲಿಪ್ಪಿಯಲ್ಲಿ ಕಣಿ ಹೇಳುವ ಹುಡುಗಿಯಿಂದ ಅವಳ ಯಜಮಾನರಿಗೆ ಆದಾಯವಿತ್ತೆಂಬುದನ್ನು ಲೂಕನು ಸುಮ್ಮನೆ ಬರೆದಿಲ್ಲ.

ಕರ್ನಾಟಕದ 2017ರ ಮೌಢ್ಯಾಚರಣೆ ತಡೆ ಕಾಯಿದೆಯು ಜ್ಯೋತಿಷವನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಆದ್ದರಿಂದ ವಿವೇಚನೆಯ ಭಾರ ಸಮುದಾಯಗಳ ಮೇಲಿದೆ, ಮತ್ತು ಬರಿಯ ನಿಷೇಧದಿಂದ ಆ ಭಾರ ಇಳಿಯದು. ಹೊತ್ತಿಗೆ ತೆಗೆಯುವವನು ಯುವಕನಿಗೆ ಅರ್ಧ ಗಂಟೆ ಕೊಡುತ್ತಾನೆ. ಅವನ ಪ್ರಶ್ನೆಯನ್ನು ಗಂಭೀರವಾಗಿ ಎಣಿಸುತ್ತಾನೆ. ನಾವು ಅಷ್ಟನ್ನಾದರೂ ಕೊಡುತ್ತಿದ್ದೇವೆಯೇ? 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು, ಸಭೆ ಸೇರಿ ಜೀವನೋಪಾಯ ಕಳೆದುಕೊಂಡವರಿಗೆ ಪ್ರಾರ್ಥನೆ ಮಾತ್ರ ಸಾಲದೆಂದು ಅರಿತು ನೇಯ್ಗೆಯ ಶಾಲೆಗಳನ್ನೂ 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆದರು. ಅದರಲ್ಲಿ ಒಡೆತನದ ದೋಷಗಳಿದ್ದವು. ಆದರೂ ದಿಕ್ಕು ಸರಿಯಾಗಿತ್ತು. ಇದೇ ಸುರಪುರ ಸೀಮೆಯ ಮುದನೂರಿನವನೆಂದು ಹೇಳಲಾಗುವ ದೇವರ ದಾಸಿಮಯ್ಯನು ಮಗ್ಗದ ಕಾಯಕವನ್ನೇ ಭಕ್ತಿಯ ನೆಲೆಯಾಗಿಸಿಕೊಂಡವನು. ದುಡಿಮೆಗೆ ಗೌರವ ಕೊಡುವ ಮಾತು ಈ ನೆಲಕ್ಕೆ ಹೊಸತಲ್ಲ.

ಆದುದರಿಂದ ಮುದನಾಳದ ಆ ಯುವಕನು ನಮ್ಮ ಬಳಿಗೆ ಬಂದಾಗ, ಹೋಗಿದ್ದೆಯಾ ಎಂದು ಮೊದಲು ಕೇಳದಿರೋಣ. ಏನನ್ನು ಕೇಳಿದೆ, ಉತ್ತರ ಕೇಳಿ ಏನನ್ನಿಸಿತು ಎಂದು ಕೇಳೋಣ. ಅವನ ಅರ್ಜಿಯನ್ನು ಜೊತೆಯಲ್ಲಿ ಕುಳಿತು ಓದೋಣ. ಅನ್ಯಾಯವಾಗಿದ್ದರೆ ಅದನ್ನು ಅನ್ಯಾಯವೆಂದು ಹೆಸರಿಸೋಣ. ಕೆಲಸ ಯಾವಾಗ ಸಿಗುವುದೆಂದು ನಾವು ಹೇಳಲಾರೆವು, ಹೇಳಲೂಬಾರದು. ಕೆಲಸ ಸಿಗುವ ಮೊದಲೂ ನೀನು ದೇವರ ಸ್ವರೂಪದಲ್ಲಿ ಸೃಷ್ಟಿಯಾದವನು, ಸಿಗದೆ ಹೋದರೂ ಶಾಪಗ್ರಸ್ತನಲ್ಲ ಎಂದು ಮಾತ್ರ ಅಧಿಕಾರದಿಂದ ಹೇಳಬಲ್ಲೆವು. ಆ ಒಂದು ಮಾತು ಯಾವ ಲಗ್ನದಲ್ಲಿ ಕೇಳಿದರೂ ಬದಲಾಗದು.