ಕೃತಿಕಾರನ ಅಳಲೂ ಕೇಳುವವನ ಮುಖವೂ

ನಮ್ಮ ಪ್ರಾಚೀನ ಕಾವ್ಯಗಳ ಪೀಠಿಕಾಭಾಗದಲ್ಲಿ ಇಷ್ಟದೇವತಾಸ್ತುತಿ, ಪೂರ್ವಕವಿಸ್ಮರಣೆ, ಸುಕವಿಪ್ರಶಂಸೆ, ಕುಕವಿನಿಂದೆ ಎಂಬ ಅಂಗಗಳು ಬರುವುದು ವಿದ್ವಾಂಸರಿಗೆ ತಿಳಿದ ವಿಷಯವೇ. ಇವುಗಳಲ್ಲಿ ಕಡೆಯದನ್ನು ನಾವು ಸಾಮಾನ್ಯವಾಗಿ ಸಂಪ್ರದಾಯಪಾಲನೆಯೆಂದು ಎಣಿಸಿ ಕಥಾಭಾಗಕ್ಕೆ ದಾಟಿಬಿಡುತ್ತೇವೆ. ತರಗತಿಯಲ್ಲಿ ಪಾಠ ಹೇಳುವಾಗಲೂ ಹಾಗೆಯೇ. ಆದರೆ ಕವಿಯು ತನ್ನ ಕಾಲದ ಕೇಳುಗರೊಡನೆ ಹೇಗೆ ಬಾಳಿದನು, ಅವನ ಕೆಲಸಕ್ಕೆ ಅಡ್ಡಬಂದುವು ಯಾವುವು, ಯಾರ ಮಾತು ಅವನನ್ನು ನೋಯಿಸಿತು ಎಂಬುದಕ್ಕೆ ಅನೇಕ ವೇಳೆ ಆ ಕೆಲವು ಪದ್ಯಗಳೇ ಉಳಿದಿರುವ ಸಾಕ್ಷ್ಯ. ಈಗ ಕೈಯಲ್ಲೊಂದು ಮೊಬೈಲು ಹಿಡಿದು, ಸಂಸ್ಥೆಯ ಆಸರೆಯಿಲ್ಲದೆ, ತಾನೇ ಬರೆದು ತಾನೇ ನಟಿಸಿ ತಾನೇ ಪ್ರಕಟಿಸುವ ಹೊಸ ಕೃತಿಕಾರವರ್ಗವೊಂದು ನಮ್ಮ ಹಳ್ಳಿಗಳಲ್ಲಿಯೂ ಹುಟ್ಟಿಕೊಂಡಿದೆ. ಇವರ ವೀಡಿಯೊಗಳಲ್ಲಿಯೂ ಅಂಥದೇ ಅಳಲು ಕೇಳಿಬರುತ್ತದೆ. ಈ ಎರಡನ್ನೂ ಒಟ್ಟಿಗಿಟ್ಟು ನೋಡಿ, ಕೃತಿಕಾರನ ಅಳಲು ಯಾವಾಗ ಸಾಹಿತ್ಯವಾಗುತ್ತದೆ, ಯಾವಾಗ ಬರಿಯ ಗೊಣಗಾಟವಾಗಿ ಉಳಿಯುತ್ತದೆ ಎಂಬುದನ್ನು ವಿಚಾರಮಾಡುವುದು ಪ್ರಕೃತ ಲೇಖನದ ಉದ್ದೇಶ.

ಇದಕ್ಕೆ ಚಿಂಚೋಳಿ–ಸೇಡಂ ಸೀಮೆಯನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡದಂಥ ಊರಿನಲ್ಲಿ ಇಂದು ವೀಡಿಯೊ ಮಾಡತಕ್ಕವನು, ತಿಳಿದೋ ತಿಳಿಯದೆಯೋ, ಬಹು ಹಳೆಯದೊಂದು ಸಾಹಿತ್ಯಕ್ಷೇತ್ರದ ನೆರೆಯವನಾಗಿದ್ದಾನೆ. ಪಕ್ಕದ ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಆಸ್ಥಾನದ ಕವಿರಾಜಮಾರ್ಗವು ಕಾವೇರಿಯಿಂದ ಗೋದಾವರಿಯವರೆಗೆ ಹರಡಿದ ನಾಡನ್ನು ಕಣ್ಣಮುಂದಿಟ್ಟುಕೊಂಡು ಕನ್ನಡ ಕವಿಗಳಿಗೆ ಲಕ್ಷಣವನ್ನು ಹೇಳಿತು. ಅದಾದ ಸುಮಾರು ನೂರು ವರ್ಷಗಳ ಮೇಲೆ ಅದೇ ನಗರದಲ್ಲಿ ನೆಲಸಿದ ಪುಷ್ಪದಂತನು ನಮ್ಮ ವಿಷಯಕ್ಕೆ ಎಲ್ಲರಿಗಿಂತ ಹತ್ತಿರದವನು.

೧

ಪುಷ್ಪದಂತನು ಬರೆದುದು ಅಪಭ್ರಂಶದಲ್ಲಿ. ಆದುದರಿಂದ ಕನ್ನಡ ಸಾಹಿತ್ಯಚರಿತ್ರೆಗಳಲ್ಲಿ ಅವನಿಗೆ ಹೆಚ್ಚು ಎಡೆ ದೊರೆತಿಲ್ಲ. ಡಾ. ಪಿ. ಎಲ್. ವೈದ್ಯರು ಅವನ ಮಹಾಪುರಾಣವನ್ನು ೧೯೩೭ರಿಂದ ೧೯೪೧ರವರೆಗೆ ಮೂರು ಸಂಪುಟಗಳಲ್ಲಿ ಸಂಪಾದಿಸಿ ಪ್ರಕಟಿಸಿದ ಮೇಲೆ ಅವನ ವ್ಯಕ್ತಿತ್ವವು ಸ್ಪಷ್ಟವಾಗಿ ತಿಳಿಯಬಂದಿತು. ಕಾಶ್ಯಪಗೋತ್ರದ ಬ್ರಾಹ್ಮಣ, ತಂದೆ ಕೇಶವಭಟ್ಟ, ತಾಯಿ ಮುಗ್ಧಾದೇವಿ, ಮೊದಲು ಶೈವರಾಗಿದ್ದು ಆಮೇಲೆ ಜೈನರಾದವರು. ತಾನು ಬಡಕಲು ಮೈಯವನು, ಕಪ್ಪು ಬಣ್ಣದವನು, ರೂಪಹೀನನು ಎಂದು ಅವನೇ ಹೇಳಿಕೊಂಡಿದ್ದಾನೆ. ಅವನಿಗೆ ಪ್ರಿಯವಾದ ಬಿರುದು 'ಅಭಿಮಾನಮೇರು'. ಅದೇ ಕಾಲದಲ್ಲಿ ಮೂರನೆಯ ಕೃಷ್ಣನಿಂದ ಉಭಯಕವಿಚಕ್ರವರ್ತಿಯೆಂಬ ಬಿರುದನ್ನು ಪಡೆದ ಪೊನ್ನನ ಜತೆಗೆ ಇವನನ್ನು ನಿಲ್ಲಿಸಿದರೆ, ಒಬ್ಬನ ಹೆಮ್ಮೆ ದೊರೆಯಿಂದ ಬಂದುದು, ಇನ್ನೊಬ್ಬನದು ದೊರೆಗಳಿಂದ ದೂರವಿರುವುದರಿಂದ ಬಂದುದು ಎಂಬುದು ವಿಶದವಾಗುವುದು.

ಮಹಾಪುರಾಣದ ಆರಂಭವನ್ನು ನೋಡಬೇಕು. ದೂರದ ದಾರಿಯನ್ನು ನಡೆದು ದಣಿದು ಬಂದ ಕವಿಯು ಮಾನ್ಯಖೇಟದ ಹೊರಗಣ ಉದ್ಯಾನವೊಂದರಲ್ಲಿ ತಂಗಿದ್ದಾನೆ. ಇಬ್ಬರು ಬಂದು, ಊರೊಳಕ್ಕೆ ಏಕೆ ಬರಬಾರದೆಂದು ಕೇಳುತ್ತಾರೆ. ದುರ್ಜನರ ಗಂಟಿಕ್ಕಿದ ಹುಬ್ಬನ್ನು ನೋಡುವುದಕ್ಕಿಂತ ಬೆಟ್ಟದ ಗವಿಯಲ್ಲಿ ಹುಲ್ಲನ್ನು ತಿಂದು ಬದುಕುವುದು ಮೇಲು ಎಂಬ ಅಭಿಪ್ರಾಯದ ಉತ್ತರ ಅವನಿಂದ ಬರುತ್ತದೆ. ಕಡೆಗೆ ಕೃಷ್ಣನ ಮಂತ್ರಿ ಭರತನು ಅವನನ್ನು ಮನೆಗೆ ಕರೆದೊಯ್ದು ಆದರಿಸುತ್ತಾನೆ. ೯೫೯ರಲ್ಲಿ ಕಾವ್ಯವು ಮೊದಲಾಗಿ ೯೬೫ರಲ್ಲಿ ಮುಗಿಯುತ್ತದೆ. ಒಟ್ಟು ೧೦೨ ಸಂಧಿಗಳು.

ನಡುವೆ ನಡೆದುದು ಇನ್ನೂ ಗಮನಾರ್ಹವಾಗಿದೆ. ಆದಿಪುರಾಣದ ಭಾಗ ಮುಗಿದ ಮೇಲೆ ಕವಿಗೆ ನಿರ್ವೇದವುಂಟಾಗಿ ಬರಹವು ಕೆಲವು ಕಾಲ ನಿಂತುಹೋಯಿತು. ಕನಸಿನಲ್ಲಿ ಸರಸ್ವತಿ ಕಾಣಿಸಿಕೊಂಡಳು. ಆಮೇಲೆ ಭರತನೇ ಬಂದು, ಏಕೆ ಮಂಕಾಗಿರುವೆ, ನನ್ನಿಂದ ಏನಾದರೂ ತಪ್ಪಾಯಿತೇ ಎಂದು ವಿಚಾರಿಸಿದನು. ಕವಿಯು ಕಲಿಕಾಲವನ್ನೂ ಗುಣವನ್ನು ಅರಿಯದ ಜನರನ್ನೂ ದೂರಿ, ತನಗೆ ಹಣ ಹುಲ್ಲಿಗೆ ಸಮಾನ, ಬೇಕಾದುದು ನಿಷ್ಕಪಟವಾದ ಸ್ನೇಹ, ಅದಕ್ಕಾಗಿಯೇ ನಿನ್ನ ಮನೆಯಲ್ಲಿದ್ದೇನೆ ಎಂದು ಹೇಳಿ ಮತ್ತೆ ಬರೆಯತೊಡಗಿದನು.

ಈ ಎರಡು ಸಂದರ್ಭಗಳಿಗೂ ಸಮಾನವಾದ ಒಂದು ಲಕ್ಷಣವುಂಟು. ಇವೆರಡೂ ಸಂಭಾಷಣೆಗಳು. ಕವಿಯು ಗೋಳಾಡುವಾಗ ಎದುರಿಗೆ ಒಬ್ಬನು ನಿಂತಿದ್ದಾನೆ. ಅವನಿಗೆ ಹೆಸರುಂಟು, ಮುಖವುಂಟು. ಅವನು ಮರುಪ್ರಶ್ನೆ ಹಾಕುತ್ತಾನೆ. ಆ ಮರುಪ್ರಶ್ನೆಯೇ ದೂರನ್ನು ಮುಂದಕ್ಕೆ ಸಾಗಿಸಿ ಕಾವ್ಯದ ಉಳಿದ ಭಾಗವನ್ನು ಹೊರಡಿಸುತ್ತದೆ.

೨

ಇನ್ನು ಇಂದಿನವನ ಸ್ಥಿತಿಯನ್ನು ನೋಡೋಣ. ತೊಗರಿಯ ಹೊಲದ ಬದುವಿನ ಮೇಲೆ ನಿಂತು ಗೆಳೆಯನೊಬ್ಬನ ಕೈಗೆ ಮೊಬೈಲನ್ನು ಕೊಟ್ಟು ಹಾಸ್ಯಪ್ರಸಂಗವನ್ನು ಚಿತ್ರಿಸುವವನ ದೈನಂದಿನ ತೊಡಕುಗಳು ಹೇಳಿಕೊಳ್ಳಲು ಸಣ್ಣವು. ಗಾಳಿಯ ಸದ್ದಿನಲ್ಲಿ ಮಾತು ಅಡಗುತ್ತದೆ; ಕರೆಂಟು ಹೋಗುತ್ತದೆ; ಕಳುಹಿಸುವ ಹೊತ್ತಿಗೆ ನೆಟ್‌ವರ್ಕ್ ಇರುವುದಿಲ್ಲ; ರಾಶಿಯ ದಿನಗಳಲ್ಲಿ ಜತೆಗಾರರು ಸಿಕ್ಕುವುದಿಲ್ಲ. ಹಿರಿಯರು ಹಾಡುತ್ತಿದ್ದ ಹಂತಿಯ ಪದದ ಧಾಟಿಯನ್ನು ಹಿನ್ನೆಲೆಗೆ ಬಳಸಿದರೆ, ಅದೇ ಧಾಟಿಯನ್ನು ಮುದ್ರಿಸಿ ಮಾರಿದ ಸಂಸ್ಥೆಯ ಕಡೆಯಿಂದ ಯಾಂತ್ರಿಕವಾಗಿ ಹಕ್ಕುಸಾಧನೆಯು ಬಂದು ಆ ವೀಡಿಯೊದ ಆದಾಯವು ಅತ್ತ ಹೋಗುವ ಸಂಭವವುಂಟು. ಇಷ್ಟಾದ ಮೇಲೆ ಮೂರು ದಿನದ ದುಡಿಮೆಯ ಫಲವನ್ನು ಯಾರೋ ಇಳಿಸಿಕೊಂಡು ತಮ್ಮ ಹೆಸರಿನಲ್ಲಿ ಏರಿಸುತ್ತಾರೆ. ಕುಕವಿನಿಂದೆಯಲ್ಲಿ ಕೃತಿಚೋರರನ್ನು ಬೈದಿರುವುದನ್ನು ಓದಿ ನಕ್ಕವರು ಇಲ್ಲಿ ನಗಲಾರರು.

ಪೋಷಣೆಯ ಕಟ್ಟಳೆಗಳು ಹೀಗಿವೆ. ಯೂಟ್ಯೂಬ್ ಸಂಸ್ಥೆಯು ೨೦೦೭ರಲ್ಲಿ ಕರ್ತೃಗಳಿಗೆ ಜಾಹೀರಾತಿನ ಹಣದಲ್ಲಿ ಪಾಲು ಕೊಡುವ ಏರ್ಪಾಡನ್ನು ಆರಂಭಿಸಿತು. ೨೦೧೮ರಲ್ಲಿ ಅದಕ್ಕೆ ೧,೦೦೦ ಚಂದಾದಾರರೂ ಹನ್ನೆರಡು ತಿಂಗಳಲ್ಲಿ ೪,೦೦೦ ಗಂಟೆಗಳ ವೀಕ್ಷಣೆಯೂ ಇರಬೇಕೆಂಬ ನಿಯಮವು ಬಂದಿತು. ಕಿರಿದಾದ 'ಶಾರ್ಟ್ಸ್' ವೀಡಿಯೊಗಳಿಗೆ ೨೦೨೩ರ ಫೆಬ್ರವರಿಯಿಂದ ಬೇರೊಂದು ಲೆಕ್ಕಾಚಾರ. ಈ ಸಂಖ್ಯೆಗಳಲ್ಲಿ ಅನ್ಯಾಯವೇನೂ ಕಾಣದಿರಬಹುದು. ಆದರೆ ಒಂದು ವೀಡಿಯೊ ಏಕೆ ಲಕ್ಷ ಜನರನ್ನು ಮುಟ್ಟಿತು, ಅದರ ಬೆನ್ನಿಗೇ ಬಂದ ಇನ್ನೊಂದು ಏಕೆ ಇನ್ನೂರಕ್ಕೆ ನಿಂತಿತು ಎಂದು ಕೇಳಿದರೆ ಉತ್ತರ ಕೊಡುವವರಿಲ್ಲ. ಯಾವುದನ್ನು ಯಾರ ಮುಂದೆ ಇಡಬೇಕೆಂದು ನಿರ್ಧರಿಸುವುದು ಅಲ್ಗಾರಿದಮ್ ಎಂಬ ಗಣನಾಕ್ರಮ. ಭರತನಂತೆ ಬಾಗಿಲಿಗೆ ಬಂದು 'ಏಕೆ ಮಂಕಾಗಿರುವೆ' ಎಂದು ವಿಚಾರಿಸುವ ಶಕ್ತಿ ಅದಕ್ಕಿಲ್ಲ.

ಆದುದರಿಂದ ಅಳಲಿನ ರೂಪವೇ ಮಾರ್ಪಟ್ಟಿದೆ. 'ಲೈಕ್ ಮಾಡಿ, ಶೇರ್ ಮಾಡಿ, ಸಬ್‌ಸ್ಕ್ರೈಬ್ ಮಾಡಿ' ಎಂಬ ಕೊನೆಯ ಬೇಡಿಕೆಯನ್ನು ನಮ್ಮ ಕಾವ್ಯಗಳ ಫಲಶ್ರುತಿಯೊಡನೆ ಹೋಲಿಸಿದರೆ ಇದು ತಿಳಿಯುತ್ತದೆ. ಫಲಶ್ರುತಿಯು ಕೇಳಿದವನಿಗೆ ಏನು ದೊರೆಯುವುದೆಂದು ಹೇಳುತ್ತದೆ. ಈ ಬೇಡಿಕೆಯು ಹೇಳಿದವನಿಗೆ ಏನು ದೊರೆಯಬೇಕೆಂದು ಹೇಳುತ್ತದೆ. ಇದನ್ನು ದುರಾಶೆಯೆನ್ನಲಾಗದು. ಕಾಣದ ಪೋಷಕನ ಮುಂದೆ ಲೆಕ್ಕವನ್ನು ಒಪ್ಪಿಸಬೇಕಾದವನ ಗತಿಯೇ ಅದು.

೩

ಇಲ್ಲಿ ಒಂದು ಆಕ್ಷೇಪವನ್ನು ಪರಿಶೀಲಿಸಬೇಕಾಗಿದೆ. 'ಟ್ರೆಂಡ್' ಎಂದು ಕರೆಯಲ್ಪಡುವುದು, ಅಂದರೆ ಒಂದು ಹಾಡಿನ ತುಣುಕನ್ನೋ ಹಾವಭಾವವನ್ನೋ ಕೆಲವು ದಿನಗಳ ಕಾಲ ಸಾವಿರಾರು ಜನರು ಅನುಸರಿಸುವುದು, ಕವಿಸಮಯದ ಇನ್ನೊಂದು ಹೆಸರಲ್ಲವೇ? ಹತ್ತನೆಯ ಶತಮಾನದಲ್ಲಿ ಚಂಪುವೂ ಒಂದು ಅನುಸರಣೆಯೇ ಆಗಿತ್ತಲ್ಲವೇ? ಈ ಮಾತಿನಲ್ಲಿ ಸತ್ಯಾಂಶವುಂಟು. ಅನುಕರಣವು ತನ್ನಷ್ಟಕ್ಕೆ ದೋಷವಲ್ಲ. ಆದರೆ ಚಂಪುವಿನ ಮರ್ಯಾದೆಯು ತಲೆಮಾರುಗಳವರೆಗೆ ನಿಂತಿತು. ಒಬ್ಬನು ಕಟ್ಟಿದುದನ್ನು ಇನ್ನೊಬ್ಬನು ತಿದ್ದಲು, ಮತ್ತೊಬ್ಬನು ಮೀರಲು ಅವಕಾಶವಿತ್ತು. ಲಾಕ್ಷಣಿಕನಿಗೆ ಅದನ್ನು ವಿವೇಚಿಸಲು ವೇಳೆಯಿತ್ತು. ಚತ್ತಾಣ ಬೆದಂಡೆಗಳನ್ನು ಕವಿರಾಜಮಾರ್ಗವು ವಿವರಿಸಿದಂತೆ ಹದಿನೈದು ದಿನ ಬಾಳುವ ಟ್ರೆಂಡಿಗೆ ಲಕ್ಷಣ ಹೇಳುವಷ್ಟರಲ್ಲಿ ಅದು ಕಳೆದುಹೋಗಿರುತ್ತದೆ. ಕರಗತವಾಗುವ ಮುನ್ನವೇ ಬಿಡಬೇಕಾದ ರೂಪದಲ್ಲಿ ಕೌಶಲವು ಬೆಳೆಯುವುದು ಕಷ್ಟ.

ಇದಕ್ಕಿಂತ ಹೆಚ್ಚಿನ ನಷ್ಟವು ಭಾಷೆಗೆ. ಕನ್ನಡ, ತೆಲುಗು, ದಖನಿ ಉರ್ದು, ಲಂಬಾಣಿ ಮಾತುಗಳು ಬೆರೆತ ಈ ಗಡಿಸೀಮೆಯ ಕನ್ನಡಕ್ಕೆ ತನ್ನದೇ ಆದ ಲಯವುಂಟು. ಧಾರವಾಡದವರು 'ಮಾಡ್ಲಿಕ್ಕೆ ಹತ್ತೀನಿ' ಎನ್ನುವಲ್ಲಿ ಇಲ್ಲಿಯವರು 'ಮಾಡ್ಲತ್ತೀನಿ' ಎನ್ನುತ್ತಾರೆ. ವೀಡಿಯೊಗಳು ಬರುವ ಮೊದಲು ಈ ರೂಪವು ಅಚ್ಚಿನಲ್ಲಿ ವಿರಳವಾಗಿತ್ತು. ಚಲನಚಿತ್ರದಲ್ಲಿ ಬಂದರೆ ನಗೆಪಾಟಲಿಗಾಗಿ ಬರುತ್ತಿತ್ತು. ಸ್ವತಂತ್ರ ಕೃತಿಕಾರನು ಅದನ್ನು ಪ್ರೀತಿಗೂ ಜಗಳಕ್ಕೂ ದುಃಖಕ್ಕೂ ಬಳಸಿ ಅದರ ಶಕ್ತಿಯನ್ನು ತೋರಿಸಿದ್ದಾನೆ. ಇದು ಸಣ್ಣ ಸಾಧನೆಯಲ್ಲ. ಆದರೆ ವೀಕ್ಷಣೆಯು ಇಳಿದ ಕೂಡಲೆ ಅವನಿಗೆ ಎರಡು ದಾರಿಗಳು ಕಾಣುತ್ತವೆ: ಬೆಂಗಳೂರಿನವರಿಗೂ ತಿಳಿಯಲೆಂದು ಮಾತನ್ನು ತಿಳಿಗೊಳಿಸುವುದು, ಅಥವಾ ಅವರು ನಗಲೆಂದು ಮಾತನ್ನು ಒರಟುಗೊಳಿಸುವುದು. ಮೊದಲನೆಯದರಲ್ಲಿ ದೇಸಿ ಸೊರಗುತ್ತದೆ; ಎರಡನೆಯದರಲ್ಲಿ ದೇಸಿಯು ವೇಷವಾಗುತ್ತದೆ. ಪುಷ್ಪದಂತನೂ ಕನ್ನಡನಾಡಿನ ರಾಜಧಾನಿಯಲ್ಲಿದ್ದು ಬಹುದೂರ ಸಲ್ಲುವ ಭಾಷೆಯಲ್ಲಿ ಬರೆದನಲ್ಲಾ ಎನ್ನಬಹುದು. ಅವನು ಆರಿಸಿಕೊಂಡ ಭಾಷೆಯಲ್ಲಿಯೇ ಕಡೆಯವರೆಗೆ ನಿಂತನು. ಪ್ರತಿ ವಾರದ ಲೆಕ್ಕವನ್ನು ನೋಡಿ ನುಡಿಯನ್ನು ಹೊರಳಿಸುವ ಕಷ್ಟ ಅವನಿಗಿರಲಿಲ್ಲ.

೪

ಪೋಷಕನಿಲ್ಲದವನು ಏನು ಮಾಡಬೇಕು? ಈ ಪ್ರಶ್ನೆಗೆ ನಮ್ಮ ಸಾಹಿತ್ಯದಲ್ಲಿ ದೊರೆಯುವ ಅತ್ಯಂತ ಸುಂದರವಾದ ಉತ್ತರ ಮುದ್ದಣನದು. ನಂದಳಿಕೆಯ ಲಕ್ಷ್ಮೀನಾರಣಪ್ಪನು (೧೮೭೦–೧೯೦೧) ಉಡುಪಿಯಲ್ಲಿ ಉಪಾಧ್ಯಾಯನಾಗಿದ್ದು, ತನ್ನ ಕೃತಿಗಳನ್ನು ಪ್ರಾಚೀನರವೆಂಬ ನೆಪದಲ್ಲಿ ಮೈಸೂರಿಗೆ ಕಳುಹಿಸಿದನು. ಹೊಸಬನ ಹೆಸರಿಗೆ ಬೆಲೆ ಬಾರದೆಂಬ ಶಂಕೆಯೇ ಈ ಮರೆಯ ಹಿಂದೆ ಇದ್ದಂತೆ ತೋರುತ್ತದೆ. ಕ್ಷಯದಿಂದ ಮೂವತ್ತೊಂದನೆಯ ವಯಸ್ಸಿನಲ್ಲಿ ತೀರಿಹೋದವನು ತಾನು ಗಳಿಸಿದ ಕೀರ್ತಿಯನ್ನು ಕಾಣಲಿಲ್ಲ.

ಆದರೂ ಅವನ ರಾಮಾಶ್ವಮೇಧದಲ್ಲಿ ಕಹಿಯಿಲ್ಲ. ಅರಮನೆಯಿಂದ ಬಳಲಿ ಮನೆಗೆ ಬಂದ ಕವಿಯ ಎದುರಿಗೆ ಮನೋರಮೆ ಕುಳಿತಿದ್ದಾಳೆ. ಪದ್ಯ ಬೇಡ, ಗದ್ಯದಲ್ಲಿ ಹೇಳೆಂದು ಅವಳು ಕಟ್ಟುಮಾಡುತ್ತಾಳೆ. ಸಂಸ್ಕೃತವು ಹೆಚ್ಚಾದರೆ ತಡೆಯುತ್ತಾಳೆ. ಕಥೆ ಬೇಸರವಾದರೆ ಅಣಕಿಸುತ್ತಾಳೆ. ಇವಳು ಕೇಳುಗರ ಅಭಿರುಚಿಯ ಪ್ರತಿನಿಧಿಯೇ ಹೌದು; ಅವಳ ಬಯಕೆಗೆ ಕವಿಯು ತನ್ನ ರೂಪವನ್ನು ಬದಲಾಯಿಸಿಯೂ ಇದ್ದಾನೆ. ಆದರೆ ಆ ಬಯಕೆಗೆ ಕಾರಣವುಂಟು, ಮಾತುಂಟು, ಮುಖವುಂಟು. ಕವಿಯು ಅದರೊಡನೆ ವಾದಿಸಬಲ್ಲನು, ಸೋಲಬಲ್ಲನು, ಸೋತು ಗೆಲ್ಲಬಲ್ಲನು. ಪೋಷಕನು ದೊರೆಯದ ಕಡೆ ಮುದ್ದಣನು ಕೇಳುಗಳನ್ನು ಸೃಷ್ಟಿಸಿಕೊಂಡನು.

ಇದರಿಂದ ಹೊಸ ಕೃತಿಗಳನ್ನು ಅಳೆಯುವುದಕ್ಕೆ ಒಂದು ಅಳತೆಗೋಲು ನಮಗೆ ದೊರೆಯುತ್ತದೆ. ಅತ್ತೆಯನ್ನೋ ಗೆಳೆಯನನ್ನೋ ಸಾಲ ಕೊಟ್ಟ ಅಂಗಡಿಯವನನ್ನೋ ಉದ್ದೇಶಿಸಿ, ಅವರು ಎದುರುತ್ತರ ಕೊಡುವರೆಂಬ ಎಚ್ಚರದಿಂದ ಮಾಡಿದ ವೀಡಿಯೊದಲ್ಲಿ ನುಡಿಯು ಜೀವಂತವಾಗಿರುತ್ತದೆ. ಯಾರೆಂದು ತಿಳಿಯದ ಲಕ್ಷ ಜನರನ್ನು ಉದ್ದೇಶಿಸಿದುದು, ನೋಟದಲ್ಲಿ ಎಷ್ಟೇ ನಯವಾಗಿದ್ದರೂ, ನುಡಿಯಲ್ಲಿ ಬಡವಾಗುತ್ತದೆ. 'ವ್ಯೂಸ್ ಬರಲಿಲ್ಲ' ಎಂಬ ಅಳಲನ್ನು ನೇರವಾಗಿ ಕ್ಯಾಮರಾಕ್ಕೆ ಹೇಳಿದಾಗ ಅದು ಅಹವಾಲು. ಅದನ್ನೇ ಮನೆಯವರೊಡನೆ ಆಡುವ ಜಗಳವಾಗಿ ಕಟ್ಟಿದಾಗ ಅದು ಪ್ರಹಸನ.

೫

೯೭೨ರಲ್ಲಿ ಮಾಳವದ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಗೊಂಡನು. ಅದೇ ಸಂದರ್ಭವನ್ನು ಧಾರಾನಗರದ ಧನಪಾಲನು ತನ್ನ ಪ್ರಾಕೃತ ಕೋಶವಾದ ಪಾಇಅಲಚ್ಛಿಯ ರಚನಾಕಾಲವನ್ನು ತಿಳಿಸಲು ಹೇಳಿಕೊಂಡಿದ್ದಾನೆ. ಗೆದ್ದವರ ಕಡೆಯ ವಿದ್ವಾಂಸನಿಗೆ ಅದೊಂದು ಕಾಲನಿರ್ದೇಶ. ಪುಷ್ಪದಂತನಿಗೆ ಅದು ಮನೆಯ ನಾಶ. ತಾನಿನ್ನು ಎಲ್ಲಿ ನೆಲಸಲಿ ಎಂದು ಅವನು ಮರುಗಿರುವ ಪದ್ಯವೊಂದು ಮಹಾಪುರಾಣದ ಹಸ್ತಪ್ರತಿಗಳಲ್ಲಿ ಉಳಿದಿದೆ. ೨೦೨೦ರ ಜೂನ್ ೨೯ರಂದು ಭಾರತ ಸರಕಾರವು ಟಿಕ್‌ಟಾಕನ್ನು ನಿಷೇಧಿಸಿದಾಗ, ಆ ನಿರ್ಣಯಕ್ಕೆ ಕಾರಣವೇನೇ ಇರಲಿ, ಹಳ್ಳಿಯ ಸಾವಿರಾರು ಕೃತಿಕಾರರು ಒಂದೇ ರಾತ್ರಿಯಲ್ಲಿ ತಮ್ಮ ಕೃತಿಗಳನ್ನೂ ಕೇಳುಗರನ್ನೂ ಕಳೆದುಕೊಂಡರು. ಅದೇ ವರ್ಷದಲ್ಲಿ ಇನ್‌ಸ್ಟಾಗ್ರಾಮಿನ ರೀಲ್ಸೂ ಯೂಟ್ಯೂಬಿನ ಶಾರ್ಟ್ಸೂ ಬಂದುವು. ಜನರು ಅತ್ತ ವಲಸೆಹೋದರು. ಅಲ್ಲಿ ಕಳೆದುಹೋದ ಕನ್ನಡವೆಷ್ಟೆಂದು ಯಾರೂ ಪಟ್ಟಿಮಾಡಲಿಲ್ಲ. ಮಾನ್ಯಖೇಟವು ಹಾಳಾದರೂ ಪುಷ್ಪದಂತನು ಉಳಿದುದು, ಅವನ ಓಲೆಗಳನ್ನು ಪ್ರತಿಮಾಡಿ ಭಂಡಾರಗಳಲ್ಲಿ ಇಟ್ಟವರು ಇದ್ದುದರಿಂದ.

ಆದುದರಿಂದ ವಿದ್ವಾಂಸರ ಮತ್ತು ಉಪಾಧ್ಯಾಯರ ಕರ್ತವ್ಯವು ಈ ಹೊಸ ಕೃತಿಗಳನ್ನು ಹೊಗಳುವುದಕ್ಕಿಂತ ಮೊದಲು ಅವನ್ನು ಆಯ್ದು ಉಳಿಸುವುದು, ಬರಹಕ್ಕಿಳಿಸುವುದು, ಯಾವ ಊರಿನ ಯಾವ ಪ್ರಯೋಗವೆಂದು ಗುರುತಿಸುವುದು, ಬಳಿಕ ಗುಣದೋಷಗಳನ್ನು ನಿಷ್ಪಕ್ಷಪಾತವಾಗಿ ಹೇಳುವುದು. ಲಕ್ಷ ವೀಕ್ಷಣೆಗಳು ಕೃತಿಕಾರನಿಗೆ ಹಣವನ್ನು ತಂದುಕೊಡಬಹುದು. 'ಈ ಮಾತು ಇಲ್ಲಿ ಚೆನ್ನಾಗಿದೆ, ಇಲ್ಲಿ ಹುಸಿಯಾಗಿದೆ' ಎಂಬ ಎರಡು ವಾಕ್ಯಗಳನ್ನು ಅವು ತಂದುಕೊಡಲಾರವು. ಆ ಎರಡು ವಾಕ್ಯಗಳನ್ನು ಹೇಳತಕ್ಕವರು ಹತ್ತಿರದಲ್ಲಿಯೇ ಇರುವರೆಂದು ಚಿಮ್ಮನಚೋಡದ ಕೃತಿಕಾರನಿಗೆ ತಿಳಿದರೆ, ಅವನು ಮುಂದಿನ ವೀಡಿಯೊವನ್ನು ಯಾವ ಕನ್ನಡದಲ್ಲಿ ಮಾಡಬೇಕೆಂಬುದನ್ನು ತಾನೇ ನಿಶ್ಚಯಿಸಿಕೊಳ್ಳುವನು.